ಆನೆ ಹುಡುಗ ಮತ್ತು ಮಾರಾಟವಾಗದ ಧಾರಾವಾಹಿ: ನಟ ಸಾಬು ಬದುಕನ್ನು ಕುರಿತು

ಧ್ವನಿ ಕೇಳಿಸ್ತಾ ಇದೆ ಅಂದುಕೊಳ್ತೀನಿ. ನಾನೀಗ ಊರಿನಲ್ಲಿದ್ದೀನಿ, ತಿರುಪ್ಪೂರು ಜಿಲ್ಲೆಯ ಉಡುಮಲೈಪೇಟೆಯಲ್ಲಿ. ಮಾತಿನ ನಡುವೆ ಪಕ್ಕದ ಮನೆಯ ಮಗ್ಗದ ಸದ್ದು ಬಂದರೆ ದಯವಿಟ್ಟು ಸಹಿಸಿಕೊಳ್ಳಿ, ಅದನ್ನ ಮ್ಯೂಟ್ ಮಾಡೋಕೆ ನನ್ನ ಕೈಲಾಗಲ್ಲ.

ಜೀವನಕಥನವನ್ನ ಚರಿತ್ರೆಯಾಗಿ ಓದೋದು ಹೇಗೆ ಅನ್ನೋದು ನಮಗೆ ಕೊಟ್ಟಿರುವ ವಿಷಯ. ನಾನು ಆರಿಸಿಕೊಂಡಿರೋದು ಸಾಬು ಎಂಬ ನಟನನ್ನ. ಹುಟ್ಟಿದ್ದು ಮೈಸೂರು ಸಂಸ್ಥಾನದ ಕಾರಾಪುರದ ಕಾಡಂಚಿನಲ್ಲಿ, 1924ರ ಜನವರಿ 27ರಂದು. ತೀರಿಕೊಂಡದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ಚಾಟ್ಸ್‌ವರ್ತ್‌ನಲ್ಲಿ, 1963ರ ಡಿಸೆಂಬರ್ 2ರಂದು, ಅಮೆರಿಕದ ಪ್ರಜೆಯಾಗಿ. ವಯಸ್ಸು 39. ಕನ್ನಡ ಎಂ.ಎ. ವಿದ್ಯಾರ್ಥಿಗೆ ಇವನ ಜೊತೆ ಏನು ಕೆಲಸ ಅಂತ ವಿಷಯ ಹೇಳಿದ ದಿನವೇ ನಮ್ಮ ಗುಂಪಿನಲ್ಲಿ ಒಬ್ಬರು ಕೇಳಿದ್ದರು. ಆ ಪ್ರಶ್ನೆಗೆ ಆಮೇಲೆ ಬರ್ತೀನಿ.

ಸಾಬುವಿನ ಬಗ್ಗೆ ನಮ್ಮಲ್ಲಿ ಒಂದು ಸಿದ್ಧ ಕಥೆ ಇದೆ. ಮಾವುತನ ಮಗ, ಅನಾಥ, ಬಿಳಿಯರ ಕಣ್ಣಿಗೆ ಬಿದ್ದ, ಹಾಲಿವುಡ್ಡಿನ ತಾರೆಯಾದ. 'ನಮ್ಮ ಕನ್ನಡಿಗ' ಅನ್ನೋ ತಲೆಬರಹದ ಜೊತೆ ಇದು ವಾಟ್ಸಾಪಿನಲ್ಲಿ ವರ್ಷಕ್ಕೊಂದು ಸಲ ಸುತ್ತುತ್ತೆ. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಅದು 1942ಕ್ಕೆ ನಿಂತುಬಿಡುತ್ತೆ. ಆಮೇಲಿನ 21 ವರ್ಷ ಏನಾಯ್ತು ಅಂತ ಕೇಳೋರು ಕಡಿಮೆ. ನನಗೆ ಆಸಕ್ತಿ ಇರೋದು ಆ 21 ವರ್ಷದಲ್ಲಿ, ಅದರಲ್ಲೂ 1957ರಲ್ಲಿ.

ಮೊದಲು ಗೊತ್ತಿರೋದನ್ನ ಬೇಗ ಹೇಳಿ ಮುಗಿಸ್ತೀನಿ. ತಂದೆ ಮೈಸೂರು ಅರಸರ ಸೇವೆಯಲ್ಲಿದ್ದ ಮಾವುತ. ಅವರು ತೀರಿಕೊಂಡ ಮೇಲೆ ಹುಡುಗ ಅರಮನೆಯ ಆನೆಲಾಯದ ಆಶ್ರಯದಲ್ಲಿ ಬೆಳೆದ. ಸಾಕ್ಷ್ಯಚಿತ್ರಗಳಿಗೆ ಹೆಸರಾಗಿದ್ದ ಅಮೆರಿಕದ ರಾಬರ್ಟ್ ಫ್ಲಾಹರ್ಟಿ 1935ರಲ್ಲಿ ಕಿಪ್ಲಿಂಗನ ಒಂದು ಆನೆಕಥೆಯನ್ನ ಹಿಡಿದು ಮೈಸೂರಿಗೆ ಬಂದ. ಅರಸರು ಆನೆ ಕೊಟ್ಟರು, ಜಾಗ ಕೊಟ್ಟರು. ಹುಡುಗನನ್ನ ಗುರುತಿಸಿದ್ದು ಛಾಯಾಗ್ರಾಹಕ ಓಸ್ಮಂಡ್ ಬೊರಡೇಲ್ ಅಂತ ಹೇಳ್ತಾರೆ. ಚಿತ್ರ ಮೈಸೂರಿನಲ್ಲಿ ಮುಗೀಲಿಲ್ಲ. ಲಂಡನ್ನಿನ ಬಳಿಯ ಡೆನ್ಹಮ್ ಸ್ಟುಡಿಯೋದಲ್ಲಿ ಜೋಲ್ಟಾನ್ ಕೋರ್ಡಾ ಉಳಿದ ಭಾಗ ತೆಗೆದ. ಹುಡುಗನನ್ನೂ ಅಣ್ಣನನ್ನೂ ಹಡಗು ಹತ್ತಿಸಿದರು. 1937ರಲ್ಲಿ 'ಎಲಿಫೆಂಟ್ ಬಾಯ್' ತೆರೆಗೆ ಬಂತು, ಅದೇ ವರ್ಷ ವೆನಿಸ್ಸಿನಲ್ಲಿ ನಿರ್ದೇಶನದ ಪ್ರಶಸ್ತಿ ಪಡೀತು.

ಆ ಚಿತ್ರವನ್ನ ಈಗ ನೋಡಿದರೆ ಹೊಲಿಗೆ ಕಾಣುತ್ತೆ. ಕಾಡು, ಹೊಳೆ, ಆನೆ ಮೈ ತೊಳೆಯೋ ಹುಡುಗ, ಇದೆಲ್ಲ ನಮ್ಮ ಕಡೆಯದು. ಕೂಡಲೇ ಟೋಪಿ ಹಾಕಿದ ಸಾಹೇಬರು, ಮುಖಕ್ಕೆ ಬಣ್ಣ ಬಳಿದ ಇಂಗ್ಲಿಷ್ ನಟರು, ಸ್ಟುಡಿಯೋದ ಗಿಡಗಳು ಬರ್ತವೆ. ಎರಡೂ ಕಡೆ ಇರೋದು ಸಾಬು ಒಬ್ಬನೇ, ಜೊತೆಗೆ ಆನೆ ಅನ್ನೋ ಪ್ರಾಣಿ. ಅವನ ಮುಂದಿನ ಬದುಕೆಲ್ಲಾ ಈ ಹೊಲಿಗೆಯ ಮೇಲೇ ನಡೀತು ಅಂತ ನನಗನ್ನಿಸುತ್ತೆ.

'ದಿ ಡ್ರಮ್' 1938ರಲ್ಲಿ ಬಂತು. ಬ್ರಿಟಿಷರ ಪರವಾದ ಕಥೆ, ಅದರಲ್ಲಿ ಅವನು ಅವರಿಗೆ ನೆರವಾಗೋ ರಾಜಕುಮಾರ. ಬೊಂಬಾಯಿ, ಮದರಾಸುಗಳಲ್ಲಿ ಪ್ರತಿಭಟನೆಯಾಯ್ತು. 'ನಮ್ಮ ಕನ್ನಡಿಗ' ಪೋಸ್ಟುಗಳಲ್ಲಿ ಈ ಚಿತ್ರದ ಹೆಸರು ಬರೋದೇ ಇಲ್ಲ, ಗಮನಿಸಿ. 'ಥೀಫ್ ಆಫ್ ಬಾಗ್ದಾದ್' ಚಿತ್ರೀಕರಣದ ಹೊತ್ತಿಗೆ ಯುದ್ಧ ಶುರುವಾಗಿ ಕೆಲಸ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋಯ್ತು, ಸಾಬುವೂ ಹೋದ. 1942ರ 'ಜಂಗಲ್ ಬುಕ್'ನಲ್ಲಿ ಅವನೇ ಮೋಗ್ಲಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. 1944ರಲ್ಲಿ ಸಾಬು ಅಮೆರಿಕದ ಪ್ರಜೆಯಾದ. ಅದೇನು ಮಹಾ ಅನ್ನಿಸಬಹುದು. ಆದರೆ 1923ರಲ್ಲಿ ಭಗತ್ ಸಿಂಗ್ ಥಿಂಡ್ ಅನ್ನೋರ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಭಾರತೀಯರು ಬಿಳಿಯರಲ್ಲ, ಹಾಗಾಗಿ ಪ್ರಜೆಗಳಾಗೋ ಹಾಗಿಲ್ಲ ಅಂತ ತೀರ್ಪು ಕೊಟ್ಟಿತ್ತು. ಆ ಬಾಗಿಲು ಎಲ್ಲ ಭಾರತೀಯರಿಗೂ ತೆರೆದದ್ದು 1946ರ ಲ್ಯೂಸ್-ಸೆಲ್ಲರ್ ಕಾಯ್ದೆಯಿಂದ. ವಲಸೆಗೆ ಆ ಕಾಯ್ದೆ ಕೊಟ್ಟ ಕೋಟಾ ವರ್ಷಕ್ಕೆ ಬರೀ 100 ಜನ. ಅಂದರೆ ಮಾವುತನ ಮಗನಿಗೆ ಎರಡು ವರ್ಷ ಮೊದಲೇ ಆ ಬಾಗಿಲು ತೆರೆದಿತ್ತು. ಪ್ರಜೆಯಾದವನು ವಾಯುಪಡೆ ಸೇರಿ ಪೆಸಿಫಿಕ್ ಯುದ್ಧದಲ್ಲಿ ಬಿ-24 ಬಾಂಬರ್ ವಿಮಾನದ ಗನ್ನರ್ ಆದ. ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಬಂತು. ತೆರೆಯ ಮೇಲೆ ಮಾತ್ರ ಅವನನ್ನ ಯಾರೂ ಬೆಳೆಯೋಕೆ ಬಿಡಲಿಲ್ಲ. ಯುದ್ಧ ಮುಗಿಸಿ ಬಂದವನಿಗೆ ಮತ್ತೆ ಅದೇ ಕಾಡು, ಅದೇ ಹುಲಿ. 1947ರ 'ಬ್ಲ್ಯಾಕ್ ನಾರ್ಸಿಸಸ್' ಒಂದು ಅಪವಾದ ಅನ್ನಬಹುದು.

ಈಗ 1957. ಇಲ್ಲಿಗೆ ಬರೋಕೆ ಇಷ್ಟು ಹೊತ್ತು ಬೇಕಾಯ್ತು.

ಆ ಹೊತ್ತಿಗೆ ಅಮೆರಿಕದ ಮನೆಗಳಲ್ಲಿ ಟಿವಿ ಕೂತಿತ್ತು. ಸಿನಿಮಾದಲ್ಲಿ ಕೆಲಸ ಕಡಿಮೆಯಾದ ಎಷ್ಟೋ ನಟರು ಟಿವಿಯಲ್ಲಿ ಎರಡನೇ ಬದುಕು ಕಂಡುಕೊಂಡರು. ಸಾಬುವೂ ಪ್ರಯತ್ನಪಟ್ಟ. ಒಂದು ಧಾರಾವಾಹಿಗಾಗಿ ಮಾದರಿ ಕಂತುಗಳನ್ನ ತೆಗೆದರು, ಮಾರಾಟವಾಗಲಿಲ್ಲ. ಕೊನೆಗೆ ಅದನ್ನ ಜೋಡಿಸಿ 'ಸಾಬು ಅಂಡ್ ದಿ ಮ್ಯಾಜಿಕ್ ರಿಂಗ್' ಅಂತ ಸಿನಿಮಾ ಮಾಡಿ ಬಿಡುಗಡೆ ಮಾಡಿದರು. ಪಾತ್ರ ಏನು ಅಂತೀರಿ? ಖಲೀಫನ ಅರಮನೆಯ ಲಾಯದಲ್ಲಿ ಆನೆ ನೋಡಿಕೊಳ್ಳೋ ಹುಡುಗ. ಹೆಸರು ಸಾಬು. ಮೈಸೂರು ಅರಮನೆಯ ಆನೆಲಾಯದಿಂದ ಹೊರಟವನನ್ನ ಇಪ್ಪತ್ತು ವರ್ಷ ಆದಮೇಲೆ ಹಾಲಿವುಡ್ಡು ಕರೆದು ತಂದು ನಿಲ್ಲಿಸಿದ್ದು ಇನ್ನೊಂದು ಅರಮನೆಯ ಆನೆಲಾಯದಲ್ಲಿ! ಆಗ ಅವನಿಗೆ 33 ವರ್ಷ. ಮದುವೆಯಾಗಿತ್ತು, ಮಕ್ಕಳಿದ್ದರು. ಜೀವನಕ್ಕೆ ಪೀಠೋಪಕರಣ, ಜಮೀನು ವ್ಯವಹಾರವನ್ನೂ ನೋಡಿಕೊಂಡಿದ್ದ.

ವಿಚಿತ್ರ ಏನಂದ್ರೆ, ಅವನ ಧಾರಾವಾಹಿ ಮಾರಾಟವಾಗದ ಅದೇ ಕಾಲದಲ್ಲಿ ಆನೆ ಮತ್ತು ಹುಡುಗ ಅನ್ನೋ ಅಚ್ಚು ಅಮೆರಿಕದ ಟಿವಿಯಲ್ಲಿ ಚೆನ್ನಾಗಿಯೇ ಓಡ್ತಿತ್ತು. 1956ರಿಂದ 1958ರವರೆಗೆ 'ಸರ್ಕಸ್ ಬಾಯ್' ಬಂತು. ಒಬ್ಬ ಅಮೆರಿಕನ್ ಹುಡುಗ, ಬಿಂಬೋ ಅನ್ನೋ ಮರಿಯಾನೆ. 'ಆಂಡೀಸ್ ಗ್ಯಾಂಗ್' ಅನ್ನೋ ಮಕ್ಕಳ ಕಾರ್ಯಕ್ರಮದಲ್ಲಿ ಗಂಗಾ ರಾಮ್ ಅಂತ ಭಾರತೀಯ ಮಾವುತ ಹುಡುಗನ ಕಥೆ ಬರ್ತಿತ್ತು, ಆ ಪಾತ್ರ ಮಾಡ್ತಿದ್ದವನ ಹೆಸರು ನಿನೋ ಮಾರ್ಸೆಲ್. ಅಚ್ಚು ಮಾಡಿಕೊಟ್ಟವನು ಹೊರಗೆ, ಅಚ್ಚು ಒಳಗೆ. ಇದನ್ನ ಬರೀ ಬಣ್ಣದ ತಾರತಮ್ಯ ಅಂತ ಹೇಳಿ ಮುಗಿಸೋಕೆ ನನಗೆ ಮನಸ್ಸಿಲ್ಲ. ಅದು ಇತ್ತು, ನಿಜ. ಆದರೆ 'ಹುಡುಗ' ಅನ್ನೋ ಪದಕ್ಕೆ ವಯಸ್ಸಾಗಬಾರದು ಅನ್ನೋದೂ ಅಷ್ಟೇ ದೊಡ್ಡ ಕಾರಣ.

ವಾಪಸ್ ಬರೋಕೆ ಒಂದು ದಾರಿ ಇತ್ತು. ಮೆಹಬೂಬ್ ಖಾನ್ 'ಮದರ್ ಇಂಡಿಯಾ'ದ ಬಿರ್ಜು ಪಾತ್ರಕ್ಕೆ ಮೊದಲು ಯೋಚಿಸಿದ್ದು ಸಾಬುವನ್ನ. ಆದರೆ ಅವನೀಗ ವಿದೇಶಿ, ಕೆಲಸದ ಪರವಾನಗಿ ಸಿಗಲಿಲ್ಲ. ಪಾತ್ರ ಸುನಿಲ್ ದತ್‌ಗೆ ಹೋಯ್ತು. ಮೈಸೂರಿನ ಕಾಡಿನಲ್ಲಿ ಹುಟ್ಟಿದವನಿಗೆ ಭಾರತದಲ್ಲಿ ನಟಿಸೋಕೆ ಪರವಾನಗಿ ಇಲ್ಲ! ನಾಡುಗಳಿಗಿಂತ ಕಾಗದಪತ್ರ ದೊಡ್ಡದು.

ಅದೇ ಚಿತ್ರದಲ್ಲಿ ಬಾಲಕ ಬಿರ್ಜು ಆಗಿ ನಟಿಸಿದ ಹುಡುಗ ಸಾಜಿದ್ ಖಾನ್. 1966ರಲ್ಲಿ ಅವನು 'ಮಾಯಾ' ಅನ್ನೋ ಅಮೆರಿಕನ್ ಚಿತ್ರದಲ್ಲಿ ಕಾಣಿಸಿಕೊಂಡ. 1967ರಲ್ಲಿ ಎನ್‌ಬಿಸಿ ವಾಹಿನಿ ಅದನ್ನ ಧಾರಾವಾಹಿ ಮಾಡಿತು. ಭಾರತದಲ್ಲೇ ಚಿತ್ರೀಕರಣ, 18 ಕಂತು. ಜೊತೆಗಾರ ಜೇ ನಾರ್ತ್. ಮಾಯಾ ಅನ್ನೋದು ಆನೆಯ ಹೆಸರು. ಸಾಬುವಿಗೆ ಸಿಗದ ಟಿವಿ ಧಾರಾವಾಹಿ, ಅವನು ತೀರಿಕೊಂಡ ನಾಲ್ಕು ವರ್ಷಕ್ಕೆ, ಅವನಿಗೆ ಸಿಗದ ಪಾತ್ರದ ಬಾಲ್ಯವನ್ನ ಅಭಿನಯಿಸಿದ ಹುಡುಗನಿಗೆ ಸಿಕ್ತು. ಇದನ್ನ ಕಥೆಯಲ್ಲಿ ಬರೆದಿದ್ದರೆ ನಮ್ಮ ಮೇಷ್ಟ್ರು 'ಕಾಕತಾಳೀಯ ಜಾಸ್ತಿ ಆಯ್ತು' ಅಂತ ಅಂಕ ಕಡಿಮೆ ಮಾಡ್ತಿದ್ದರು.

ಈಗ ನಮ್ಮ ಕಡೆಗೆ ಬರ್ತೀನಿ. ಈ ಪ್ರಬಂಧ ಬರೀತಿರೋದನ್ನ ಅಜ್ಜಿಗೆ ಹೇಳಿದೆ. ಆನೆ ಹುಡುಗ ಅಂದ ತಕ್ಷಣ ಅವರಿಗೆ ನೆನಪಾದದ್ದು ಎಂಜಿಆರ್ ಅವರ 'ನಲ್ಲ ನೇರಂ', 1972ರದು. ಸಾಬು ಯಾರು ಅಂತ ಅಜ್ಜಿಗೆ ಗೊತ್ತಿಲ್ಲ. ಆದರೆ ಅಜ್ಜಿಯ ನೆನಪಿಗೂ ಈ ಕಥೆಗೂ ನಂಟಿದೆ. 'ನಲ್ಲ ನೇರಂ', ಅದರ ಹಿಂದಿ ಮೂಲ 'ಹಾಥಿ ಮೇರೆ ಸಾಥಿ', ಅದಕ್ಕೂ ಮೊದಲಿನ 'ದೈವಚ್ಚೆಯಲ್', ಮೂರನ್ನೂ ತೆಗೆದದ್ದು ಕೊಯಮತ್ತೂರಿನ ಸ್ಯಾಂಡೋ ಚಿನ್ನಪ್ಪ ದೇವರ್. ಪ್ರಾಣಿಗಳನ್ನ ಇಟ್ಟುಕೊಂಡು ಚಿತ್ರ ಮಾಡೋದರಲ್ಲಿ ಅವರನ್ನ ಮೀರಿಸಿದವರಿಲ್ಲ. ಅವರ ಚಿತ್ರಗಳಲ್ಲಿ ಆನೆಯ ಜೊತೆಗಾರ ಗಂಡಸು, ಸಂಸಾರಸ್ಥ. ಆನೆಗೂ ಹೆಂಡತಿಗೂ ನಡುವೆ ಒದ್ದಾಡ್ತಾನೆ. ಹಾಲಿವುಡ್ಡಿಗೆ ಹೊಳೆಯದೇ ಹೋದದ್ದು ನಮ್ಮ ಕೊಯಮತ್ತೂರಿನವರಿಗೆ ಹೊಳೆದಿತ್ತು, ಮಾವುತನಿಗೂ ವಯಸ್ಸಾಗುತ್ತೆ ಅಂತ!

ಇದು ಇಲ್ಲಿಯವರಿಗೆ ಹೊಳೆಯೋದು ಸಹಜ. ಆನೆಮಲೆ ಹುಲಿ ಸಂರಕ್ಷಿತ ಪ್ರದೇಶ ಕೊಯಮತ್ತೂರು, ತಿರುಪ್ಪೂರು ಎರಡೂ ಜಿಲ್ಲೆಗಳಲ್ಲಿ ಹರಡಿದೆ. ಟಾಪ್‌ಸ್ಲಿಪ್ ಹತ್ತಿರ ಕೋಳಿಕಮುತ್ತಿ ಆನೆ ಶಿಬಿರ ಇದೆ, ಅಲ್ಲಿ ಮಲಸರ್ ಸಮುದಾಯದ ಮಾವುತರಿದ್ದಾರೆ. 2023ರಲ್ಲಿ ಕಲೀಂ ಅನ್ನೋ ಕುಮ್ಕಿ ಆನೆಗೆ 60 ವರ್ಷ ತುಂಬಿ ನಿವೃತ್ತಿಯಾದಾಗ ಅರಣ್ಯ ಇಲಾಖೆಯವರು ಗೌರವ ವಂದನೆ ಕೊಟ್ಟರು. ಇಲ್ಲಿ ಆನೆಗೂ ನಿವೃತ್ತಿ ಇದೆ. ಸಾಬು ಹುಟ್ಟಿದ ಕಾರಾಪುರದ ಪಕ್ಕದ ಕಾಕನಕೋಟೆಯಲ್ಲಿ ಕೊನೆಯ ಖೆಡ್ಡ ನಡೆದದ್ದು 1971ರಲ್ಲಿ. ಆಮೇಲೆ ಕಬಿನಿ ಅಣೆಕಟ್ಟಿನ ನೀರು ಆ ಜಾಗವನ್ನ ಮುಚ್ಚಿತು. ನಮಗೆ ಕಾಕನಕೋಟೆ ಅಂದರೆ ಮಾಸ್ತಿಯವರ ನಾಟಕ, ಕಾಡುಕುರುಬರ ನಾಯಕ. ಆ ಹೆಸರಿನ ಪಕ್ಕದಲ್ಲೇ ಒಂದು ಮುಸ್ಲಿಂ ಮಾವುತ ಕುಟುಂಬವನ್ನೂ ಇಟ್ಟು ಓದಬೇಕು ಅಂತ ನನಗೆ ತೋಚಿದ್ದು ಈ ಪ್ರಬಂಧದಿಂದಲೇ.

ಈಗ ಆ ಗೆಳೆಯರ ಪ್ರಶ್ನೆ. ಸಾಬು ಕನ್ನಡಿಗನಾ? ಅವನಿಗೂ ಕನ್ನಡಕ್ಕೂ ಏನು?

ನಾನು ಓದೋಕೆ ಅಂತ ಕರ್ನಾಟಕಕ್ಕೆ ಬಂದ ಮೊದಲ ವಾರ ಹಾಸ್ಟೆಲಿನಲ್ಲಿ 'ನೀವು ತಮಿಳರಾ?' ಅಂತ ಕೇಳಿದರು. ನಮ್ಮದು ದೇವಾಂಗರ ಮನೆ. ಅಪ್ಪ ಅಮ್ಮ ಅಜ್ಜಿ ಎಲ್ಲ ಕನ್ನಡ ಮಾತಾಡ್ತಾರೆ, ಒಬ್ಬರಿಗೂ ಕನ್ನಡ ಓದೋಕೆ ಬರಲ್ಲ. ನಾನು ಅಕ್ಷರ ಕಲಿತದ್ದು ಹತ್ತೊಂಬತ್ತನೇ ವಯಸ್ಸಿಗೆ. ಊರಿನಲ್ಲಿ ನಾವು ಕನ್ನಡದವರು, ಅಲ್ಲಿ ತಮಿಳಿನವರು. ನನ್ನ ಮಾತು ಕೇಳಿ ನಕ್ಕವರೇ ಆಮೇಲೆ ಸಾಬುವನ್ನ 'ನಮ್ಮ ಕನ್ನಡಿಗ' ಅಂತ ಫಾರ್ವರ್ಡ್ ಮಾಡಿದಾಗ ನನಗೆ ನಿಜವಾಗ್ಲೂ ಸಿಟ್ಟು ಬಂತು. ಪ್ರಸಿದ್ಧನಾದರೆ ಮನೆಮಾತು ಕೇಳಲ್ಲ, ಆಗದೇ ಇದ್ದರೆ ಉಚ್ಚಾರ ತಿದ್ದುತ್ತಾರೆ. ಈ ಪ್ರಬಂಧ ಶುರುವಾದದ್ದು ಆ ಸಿಟ್ಟಿನಿಂದ. ಮುಚ್ಚಿಡೋದು ಬೇಡ ಅಂತ ಹೇಳ್ತಿದ್ದೀನಿ.

ಗಡಿ ಅನ್ನೋದು ಎಷ್ಟು ಓಡಾಡುತ್ತೆ ನೋಡಿ. ಸಾಬು ಹುಟ್ಟಿದ ಐದು ವರ್ಷಕ್ಕೆ, 1929ರಲ್ಲಿ, ಅದೇ ಕಾಡುಸೀಮೆಯ ಇನ್ನೊಂದು ಅಂಚಿನ ಗಾಜನೂರಿನಲ್ಲಿ ಮುತ್ತುರಾಜ ಹುಟ್ಟಿದರು, ನಮ್ಮ ಡಾ. ರಾಜ್‌ಕುಮಾರ್. ಗಾಜನೂರು ಆಗ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಈಗಲೂ ತಮಿಳುನಾಡಿನಲ್ಲೇ ಇದೆ, ಈರೋಡು ಜಿಲ್ಲೆಯಲ್ಲಿ. ಕೊಳ್ಳೇಗಾಲವೂ 1956ರವರೆಗೆ ಕೊಯಮತ್ತೂರು ಜಿಲ್ಲೆಯದೇ. ಅಂದರೆ ಕನ್ನಡದ ಅತಿ ದೊಡ್ಡ ನಟ ಹುಟ್ಟಿದ್ದು ನಮ್ಮ ಹಳೆಯ ಜಿಲ್ಲೆಯಲ್ಲಿ, ಮದರಾಸು ಪ್ರಾಂತ್ಯದಲ್ಲಿ. ಹಾಲಿವುಡ್ಡಿಗೆ ಹೋದವನು ಹುಟ್ಟಿದ್ದು ಮೈಸೂರು ಸಂಸ್ಥಾನದಲ್ಲಿ. ಇಬ್ಬರೂ ಶಾಲೆ ಹೆಚ್ಚು ಕಂಡವರಲ್ಲ. ಒಬ್ಬರಿಗೆ ನಾಟಕ ಕಂಪನಿ ಕನ್ನಡ ಕೊಟ್ಟಿತು, ಇನ್ನೊಬ್ಬನಿಗೆ ಡೆನ್ಹಮ್ ಸ್ಟುಡಿಯೋ ಇಂಗ್ಲಿಷ್ ಕೊಟ್ಟಿತು. ರಾಜ್‌ಕುಮಾರರಿಗೆ ವಯಸ್ಸಾದ ಹಾಗೆ ಪಾತ್ರಗಳೂ ಬೆಳೆದವು, ಯಾಕಂದ್ರೆ ನೋಡೋ ಜನ ಅವರ ಜೊತೆ ತಾವೂ ಬೆಳೀತಿದ್ದರು. ಸಾಬುವಿಗೆ ಅಂಥ ಜನ ಇರಲಿಲ್ಲ. ಅಮೆರಿಕದಲ್ಲಿ ಅವನನ್ನ ನೋಡ್ತಿದ್ದವರಿಗೆ ಬೇಕಾಗಿದ್ದು ಹನ್ನೊಂದು ವರ್ಷದ ಹುಡುಗ, ಇಲ್ಲಿದ್ದವರಿಗೆ ಅವನು ತಲುಪಲೇ ಇಲ್ಲ.

ಹಾಗಾಗಿ ಅವನು ಕನ್ನಡಿಗನಾ ಅನ್ನೋದಕ್ಕಿಂತ ಅವನ ಕಥೆಯನ್ನ ಕನ್ನಡದಲ್ಲಿ ಪೂರ್ತಿ ಹೇಳಿದ್ದೀವಾ ಅನ್ನೋದು ನನ್ನ ಪ್ರಶ್ನೆ. 1937ರ ಗೆಲುವನ್ನಷ್ಟೇ ಅಲ್ಲ. 'ದಿ ಡ್ರಮ್' ಚಿತ್ರದ ಮುಜುಗರ, ಬಾಂಬರ್ ವಿಮಾನ, ಸಿಗದ ಪರವಾನಗಿ, 33ನೇ ವಯಸ್ಸಿನ ಆನೆಲಾಯ, ಇವನ್ನೂ ಸೇರಿಸಿ.

ಅವನ ಹೆಸರೂ ಪೂರ್ತಿ ಅವನದಲ್ಲ. ಜಗತ್ತು ಅವನನ್ನ ಸಾಬು ದಸ್ತಗೀರ್ ಅಂತ ಬರೆಯುತ್ತೆ, ಆದರೆ ದಸ್ತಗೀರ್ ಅನ್ನೋದು ಅಣ್ಣನ ಹೆಸರು. ಹಡಗು ಇಳಿದಾಗ ಕಾಗದದಲ್ಲಿ ಆದ ಗೊಂದಲ ಹಾಗೇ ಉಳೀತು. ನಮ್ಮ ಮನೆಯ ರೇಷನ್ ಕಾರ್ಡಿನಲ್ಲೂ ಅಜ್ಜಿಯ ಹೆಸರು ತಮಿಳಿನಲ್ಲಿ ಬೇರೆ ಥರ ಇದೆ. ಮೊನ್ನೆ ಅದನ್ನ ಕನ್ನಡದಲ್ಲಿ ಬರೆದು ತೋರಿಸಿದೆ. ತುಂಬಾ ಹೊತ್ತು ನೋಡಿ, 'ಇದರಲ್ಲಿ ನಾನು ಎಲ್ಲಿದೀನಿ?' ಅಂತ ಕೇಳಿದರು. ಒಂದೊಂದೇ ಅಕ್ಷರ ಬೆರಳಿಟ್ಟು ತೋರಿಸಿದೆ.

ಇಷ್ಟು ನನ್ನ ಮಾತು. ಪ್ರಶ್ನೆಗಳಿದ್ದರೆ ಚಾಟಿನಲ್ಲಿ ಹಾಕಿ, ಕರೆಂಟು ಇರೋವರೆಗೆ ಇಲ್ಲೇ ಇರ್ತೀನಿ.