ಕೋಡ್ ಬರೆಯುವವರ ನೀತಿ ಸಂಹಿತೆ

ಒಂದು ತಂತ್ರಾಂಶವನ್ನು ಕೂಡಿ ಕಟ್ಟುವ ಜನ ತಮ್ಮೊಳಗೆ ಹೇಗೆ ನಡೆದುಕೊಳ್ಳಬೇಕು, ಯಾರಾದರೂ ಗೆರೆ ದಾಟಿದರೆ ದೂರು ಯಾರಿಗೆ, ದೂರು ಬಂದ ಮೇಲೆ ಏನಾಗುತ್ತದೆ ಎಂಬುದನ್ನು ತಿಳಿಸುವ ಬರಹವೇ ತಂತ್ರಾಂಶ ಬಳಗದ ನೀತಿ ಸಂಹಿತೆ. ದೊಡ್ಡ ಮುಕ್ತ ತಂತ್ರಾಂಶ ಯೋಜನೆಗಳಲ್ಲಿ ಇದು ಈಗ ಪರವಾನಗಿಯ ಪಕ್ಕದಲ್ಲೇ ಒಂದು ಕಡತವಾಗಿ ಇರುತ್ತದೆ. ಪರವಾನಗಿಗಳ ಚರಿತ್ರೆ 1980ರ ದಶಕದಷ್ಟು ಹಳೆಯದು. ಸಂಹಿತೆಗಳದ್ದು 2004ರಿಂದ ಈಚಿನದು. ಇಷ್ಟು ಚಿಕ್ಕ ಅವಧಿಯಲ್ಲಿ ಅವು ಹುಟ್ಟಿಸಿದಷ್ಟು ಜಗಳವನ್ನು ಈ ಲೋಕದ ಬೇರೆ ಕಾಗದಗಳು ಹುಟ್ಟಿಸಿದ್ದು ಕಡಿಮೆ.

ಇಂಥದ್ದೊಂದು ಬರಹ ಬೇಕಾದದ್ದಕ್ಕೆ ಬಳಗಗಳ ಸ್ವರೂಪವೇ ಕಾರಣ. ಕಚೇರಿಯಲ್ಲಿ ಮನಸ್ತಾಪವಾದರೆ ಮೇಲಧಿಕಾರಿ ಇರುತ್ತಾರೆ, ಸಂಬಳದ ಹಂಗು ಇರುತ್ತದೆ, ಕಾರ್ಮಿಕ ಕಾನೂನು ಇರುತ್ತದೆ. ಮುಕ್ತ ತಂತ್ರಾಂಶದ ಬಳಗದಲ್ಲಿ ಇವು ಇಲ್ಲ. ಹತ್ತಾರು ದೇಶಗಳ ಜನ ಒಬ್ಬರ ಮುಖ ಒಬ್ಬರು ನೋಡದೆ, ಹಲವರಿಗೆ ತಾಯಿನುಡಿಯಲ್ಲದ ಇಂಗ್ಲಿಷಿನಲ್ಲಿ ಬರೆದು ವ್ಯವಹರಿಸುತ್ತಾರೆ. ಹೊಸಬರೊಬ್ಬರು ಕಳಿಸಿದ ತಿದ್ದುಪಡಿಯನ್ನು ಹಳಬರು ಯಾವ ಮಾತಿನಲ್ಲಿ ಹಿಂದಕ್ಕೆ ಕಳಿಸಿದರು ಎನ್ನುವುದರ ಮೇಲೆ ಆ ಹೊಸಬರು ಉಳಿಯುವುದೂ ಬಿಡುವುದೂ ನಿಂತಿರುತ್ತದೆ.

ಮೊದಮೊದಲು ಈ ಬಳಗಗಳಿಗೆ ಬರೆದಿಟ್ಟ ನಿಯಮವಿರಲಿಲ್ಲ, ರೂಢಿಯೇ ನಿಯಮ. 1980ರಲ್ಲಿ ಶುರುವಾದ ಯೂಸ್‌ನೆಟ್ ಚರ್ಚೆಗಳಲ್ಲಿ ಬೈಗುಳದ ಸುರಿಮಳೆಗೆ ‘ಫ್ಲೇಮ್’ ಎಂಬ ಹೆಸರೇ ಬಿದ್ದಿತ್ತು. 1992ರ ಜನವರಿಯಲ್ಲಿ ಪ್ರೊಫೆಸರ್ ಆಂಡ್ರ್ಯೂ ಟನೆನ್‌ಬಾಮ್ ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯನ್ನು ಹಳಸಲು ವಿನ್ಯಾಸವೆಂದು ಜರೆದದ್ದು, ಅದನ್ನು ಬರೆದ ಇಪ್ಪತ್ತೆರಡರ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಅಷ್ಟೇ ಖಾರವಾಗಿ ಉತ್ತರಿಸಿದ್ದು ಈ ಲೋಕದ ಪುರಾಣಕಥೆಯಂತೆ ಉಳಿದಿದೆ. ಒರಟು ಮಾತು ಪ್ರಾಮಾಣಿಕತೆಯ ಗುರುತು, ಕೋಡ್ ಒಳ್ಳೆಯದಿದ್ದರೆ ಮಾತು ಹೇಗಿದ್ದರೂ ನಡೆಯುತ್ತದೆ ಎಂಬ ನಂಬಿಕೆಗೆ ಇಂಥ ಕಥೆಗಳು ಬಲ ಕೊಟ್ಟವು. 1995ರ ಅಕ್ಟೋಬರಿನಲ್ಲಿ ಇಂಟರ್‌ನೆಟ್ ಶಿಷ್ಟಾಚಾರದ ಕುರಿತು ‘ಆರ್‌ಎಫ್‌ಸಿ 1855’ ಎಂಬ ದಾಖಲೆ ಹೊರಬಂತು. ಸಿಟ್ಟಿನ ಪತ್ರವನ್ನು ಕೂಡಲೇ ಕಳಿಸಬೇಡಿ ಎಂಬಂಥ ಹಿತವಚನಗಳು ಅದರಲ್ಲಿದ್ದವು. ಪಾಲಿಸದವರನ್ನು ಕೇಳುವವರು ಯಾರೂ ಇರಲಿಲ್ಲ.

ಬರೆದಿಟ್ಟ ಮೊದಲ ಪ್ರಭಾವಶಾಲಿ ಸಂಹಿತೆ 2004ರಲ್ಲಿ ಉಬುಂಟು ಲಿನಕ್ಸಿನ ಜೊತೆ ಬಂತು. ಯೋಜನೆಯನ್ನು ಆರಂಭಿಸಿದವರು ದಕ್ಷಿಣ ಆಫ್ರಿಕಾದ ಮಾರ್ಕ್ ಶಟಲ್‌ವರ್ತ್. ಸಂಹಿತೆಯನ್ನು ಬರೆದವರಲ್ಲಿ ಮುಖ್ಯರು ಬೆಂಜಮಿನ್ ಮಾಕೊ ಹಿಲ್. ಇತರರ ಬಗ್ಗೆ ಕಾಳಜಿಯಿರಲಿ, ಗೌರವವಿರಲಿ, ಭಿನ್ನಾಭಿಪ್ರಾಯ ಅಸಭ್ಯತೆಗೆ ನೆಪವಾಗದಿರಲಿ, ಕೆಲಸ ಬಿಟ್ಟುಹೋಗುವಾಗ ಮುಂದಿನವರಿಗೆ ಒಪ್ಪಿಸಿ ಹೋಗಿ: ಅದರ ತಿರುಳು ಇಷ್ಟೆ. ಉಬುಂಟು ಸದಸ್ಯರಾಗಬಯಸುವವರು ಇದಕ್ಕೆ ಡಿಜಿಟಲ್ ಸಹಿ ಹಾಕಬೇಕಿತ್ತು. 2006ರಲ್ಲಿ ಗ್ನೋಮ್, 2008ರಲ್ಲಿ ಕೆಡಿಇ ಎಂಬ ಡೆಸ್ಕ್‌ಟಾಪ್ ತಂತ್ರಾಂಶಗಳ ಬಳಗಗಳು ಇದೇ ಧಾಟಿಯ ಚಿಕ್ಕ ಸಂಹಿತೆಗಳನ್ನು ಮಾಡಿಕೊಂಡವು. ಇವೆಲ್ಲ ಕೊಟ್ಟ ಮಾತಿನಂತಿದ್ದವು. ಶಿಕ್ಷೆಯ ಪ್ರಸ್ತಾಪ ಇಲ್ಲವೆನ್ನುವಷ್ಟು ಕಡಿಮೆಯಿದ್ದದ್ದರಿಂದ ವಿರೋಧವೂ ಕಡಿಮೆಯಿತ್ತು.

ದಂಡನೆಯ ಅಂಶ ಬಂದದ್ದು ಸಮ್ಮೇಳನಗಳ ಕಡೆಯಿಂದ. ಈ ಬಳಗಗಳಲ್ಲಿ ಹೆಂಗಸರ ಸಂಖ್ಯೆ ತೀರಾ ಸಣ್ಣದು. 2017ರಲ್ಲಿ ಕೋಡ್ ಹಂಚಿಕೆಯ ತಾಣ ಗಿಟ್‌ಹಬ್ ನಡೆಸಿದ ಸಮೀಕ್ಷೆಗೆ ಉತ್ತರಿಸಿದವರಲ್ಲಿ ಅವರು ಶೇ 3 ಮಾತ್ರ. ಸಮ್ಮೇಳನಗಳಲ್ಲಿ ಕಿರುಕುಳಕ್ಕೆ ಒಳಗಾದವರಿಗೆ ಎಲ್ಲಿ ಹೇಳಿಕೊಳ್ಳಬೇಕೆಂಬುದೇ ತಿಳಿಯುತ್ತಿರಲಿಲ್ಲ. 2011ರಲ್ಲಿ ವ್ಯಾಲರಿ ಅರೋರಾ ಮತ್ತು ಮೇರಿ ಗಾರ್ಡಿನರ್ ಸ್ಥಾಪಿಸಿದ ಅಡಾ ಇನಿಶಿಯೇಟಿವ್ ಸಂಸ್ಥೆ, ಸಮ್ಮೇಳನಗಳು ಕಿರುಕುಳ ತಡೆ ನೀತಿಯನ್ನು ಅಳವಡಿಸಿಕೊಳ್ಳುವಂತೆ ಒತ್ತಾಯಿಸಿತು. ಇದರಲ್ಲಿ ಉಪದೇಶ ಕಡಿಮೆ, ವಿವರ ಹೆಚ್ಚು. ಯಾವ ನಡತೆ ಕಿರುಕುಳ, ದೂರನ್ನು ಯಾರ ಕೈಗೆ ಕೊಡಬೇಕು, ಆಯೋಜಕರು ತಪ್ಪಿತಸ್ಥರನ್ನು ಹೊರಗೆ ಕಳಿಸಬಹುದೇ ಎಂಬುದನ್ನು ಅದು ಹೆಸರಿಟ್ಟು ಹೇಳುತ್ತಿತ್ತು. ಪೈಥಾನ್ ಭಾಷೆಯ ಬಳಗದ ಅಮೆರಿಕದ ಸಮ್ಮೇಳನ ಪೈಕಾನ್ 2012ರಲ್ಲಿ ಸಂಹಿತೆಯನ್ನು ತಂದಿತು. ಸಂಹಿತೆಯಿಲ್ಲದ ಸಮ್ಮೇಳನಕ್ಕೆ ಹಣ ಕೊಡುವುದಿಲ್ಲವೆಂದು ಅದೇ ವರ್ಷ ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್ ತೀರ್ಮಾನಿಸಿತು.

ಮರುವರ್ಷವೇ ಪೈಕಾನ್ ಸಂಹಿತೆಗೆ ಪರೀಕ್ಷೆ ಎದುರಾಯಿತು. 2013ರ ಪೈಕಾನ್‌ನಲ್ಲಿ ಹಿಂದಿನ ಸಾಲಿನ ಇಬ್ಬರು ಗಂಡಸರು ಆಡಿದ ದ್ವಂದ್ವಾರ್ಥದ ಮಾತನ್ನು ಮಹಿಳೆಯೊಬ್ಬರು ಅವರ ಚಿತ್ರಸಮೇತ ಟ್ವಿಟರ್‌ನಲ್ಲಿ ಹಾಕಿದರು. ಆಯೋಜಕರು ಇಬ್ಬರನ್ನೂ ಕರೆದು ಮಾತನಾಡಿದ್ದರಿಂದ ಸಮ್ಮೇಳನದ ಮಟ್ಟಿಗೆ ವಿಷಯ ಮುಗಿದಿತ್ತು. ಹೊರಗೆ ಅದು ಹೊತ್ತಿಕೊಂಡಿತು. ಆ ಇಬ್ಬರಲ್ಲಿ ಒಬ್ಬರು ಕೆಲಸ ಕಳೆದುಕೊಂಡರು. ಬೆದರಿಕೆಗಳ ಮಳೆಯ ನಡುವೆ ಆ ಮಹಿಳೆಯೂ ಕೆಲಸ ಕಳೆದುಕೊಂಡರು. ದೂರನ್ನು ಸದ್ದಿಲ್ಲದೆ ಕೊಡುವ, ಸದ್ದಿಲ್ಲದೆ ವಿಚಾರಿಸುವ ದಾರಿಗೆ ಸಂಹಿತೆಗಳು ಹೆಚ್ಚು ಒತ್ತು ಕೊಡತೊಡಗಿದ್ದು ಇಂಥ ಅನುಭವಗಳ ನಂತರ.

2014ರಲ್ಲಿ ರೂಬಿ ಭಾಷೆಯ ಪ್ರೋಗ್ರಾಮರ್ ಕೊರಲೀನ್ ಅಡಾ ಎಮ್ಕಿ ‘ಕಾಂಟ್ರಿಬ್ಯೂಟರ್ ಕವನಂಟ್’ ಎಂಬ ಸಿದ್ಧ ಸಂಹಿತೆಯನ್ನು ಪ್ರಕಟಿಸಿದರು. ಪರವಾನಗಿಯಂತೆ ಇದನ್ನೂ ಯಾವ ಯೋಜನೆಯಾದರೂ ಇದ್ದಂತೆಯೇ ಎತ್ತಿಕೊಂಡು ಹಾಕಿಕೊಳ್ಳಬಹುದಿತ್ತು. ಅದು ಬೇಗ ಹರಡಿದ್ದು ಈ ಸುಲಭದಿಂದ. ಅದರ ತೊಡಕೂ ಇದೇ ಆಯಿತು. ಚರ್ಚಿಸಿ ಬರೆದುಕೊಂಡ ನಿಯಮವನ್ನು ಬಳಗ ತನ್ನದೆಂದುಕೊಳ್ಳುತ್ತದೆ. ಹೊರಗಿನಿಂದ ತಂದಿಟ್ಟದ್ದರ ಮೇಲೆ ಅನುಮಾನ ತಪ್ಪುವುದಿಲ್ಲ. 2015ರಲ್ಲಿ ಓಪಲ್ ಎಂಬ ಯೋಜನೆಯ ಕೊಡುಗೆದಾರರೊಬ್ಬರು ಯೋಜನೆಯ ಹೊರಗೆ, ತಮ್ಮ ಟ್ವಿಟರ್ ಖಾತೆಯಲ್ಲಿ ಆಡಿದ ಮಾತಿಗಾಗಿ ಅವರನ್ನು ಕೈಬಿಡಬೇಕೆಂಬ ಬೇಡಿಕೆಯನ್ನು ಎಮ್ಕಿ ಇಟ್ಟಾಗ, ಸಂಹಿತೆಯ ಕೈ ಎಷ್ಟು ದೂರ ಚಾಚಬಹುದು ಎಂಬ ಪ್ರಶ್ನೆ ಎದ್ದಿತು. ವಿರೋಧಿಗಳ ಮುಖ್ಯ ವಾದ ಇಂದಿಗೂ ಇದೇ: ನಡತೆಯ ನಿಯಮ ಬರಬರುತ್ತ ಅಭಿಪ್ರಾಯದ ನಿಯಮವಾಗುತ್ತದೆ. 2016ರಲ್ಲಿ ಪಿಎಚ್‌ಪಿ ಭಾಷೆಯ ಬಳಗದ ಮುಂದೆ ಬಂದ ಇಂಥ ಪ್ರಸ್ತಾವ ದೀರ್ಘ ಚರ್ಚೆಯ ನಂತರ ಹಿಂದಕ್ಕೆ ಸರಿಯಿತು. ರೂಬಿ ಭಾಷೆಯನ್ನು ರೂಪಿಸಿದ ಯುಕಿಹಿರೊ ಮಾತ್ಸುಮೊಟೊ ಅದೇ ವರ್ಷ ಕವನಂಟನ್ನು ಬಿಟ್ಟು, ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಳಗದ ಕರಡನ್ನು ಆಧರಿಸಿದ ಕೆಲವೇ ಸಾಲುಗಳ ಮಾರ್ಗಸೂಚಿಯನ್ನು ಆರಿಸಿಕೊಂಡರು.

ಈ ಚರಿತ್ರೆಯ ನಡುಗಂಬ ಲಿನಕ್ಸ್ ಕರ್ನಲ್, ಅಂದರೆ ಲಿನಕ್ಸಿನ ತಿರುಳಾದ ತಂತ್ರಾಂಶ. ಕೆಟ್ಟ ಕೋಡ್ ಕಂಡಾಗ ಟೊರ್ವಾಲ್ಡ್ಸ್ ಬರೆಯುತ್ತಿದ್ದ ನಿಂದೆಯ ಪತ್ರಗಳು ಜಗಜ್ಜಾಹೀರಾಗಿದ್ದವು. 2013ರ ಜುಲೈನಲ್ಲಿ ಯುಎಸ್‌ಬಿ ವಿಭಾಗದಲ್ಲಿ ದುಡಿಯುತ್ತಿದ್ದ ಸಾರಾ ಶಾರ್ಪ್ ಇದನ್ನು ಬಹಿರಂಗವಾಗಿ ಪ್ರಶ್ನಿಸಿದರು. 2015ರಲ್ಲಿ ಕರ್ನಲ್ ಬಿಟ್ಟದ್ದಕ್ಕೆ ಈ ವಾತಾವರಣವೇ ಕಾರಣವೆಂದು ತಿಳಿಸಿದರು. 2015ರ ಮಾರ್ಚ್‌ನಲ್ಲಿ ಕರ್ನಲ್‌ಗೆ ‘ಕೋಡ್ ಆಫ್ ಕಾನ್‌ಫ್ಲಿಕ್ಟ್’ ಎಂಬ ಚಿಕ್ಕ ಬರಹ ಸೇರಿತ್ತು. ನಿಮ್ಮ ಕೋಡ್ ಕಟುವಾದ ಟೀಕೆಗೆ ಗುರಿಯಾಗುತ್ತದೆ ಎಂದು ಅದು ಮೊದಲೇ ಎಚ್ಚರಿಸುತ್ತಿತ್ತು. ಅಲ್ಲಿ ನಿಂದನೆಗೆ ಇದ್ದ ಅಡ್ಡಿ ತೆಳುವಾದದ್ದು. 2018ರ ಸೆಪ್ಟೆಂಬರ್ 16ರಂದು 4.19ನೇ ಆವೃತ್ತಿಯ ಪೂರ್ವಬಿಡುಗಡೆಯ ಜೊತೆಗೇ ಟೊರ್ವಾಲ್ಡ್ಸ್ ಕ್ಷಮೆ ಕೇಳಿದರು. ಜನರ ಭಾವನೆಗಳನ್ನು ಅರಿಯುವುದರಲ್ಲಿ ತಾವು ಹಿಂದೆಂದು ಒಪ್ಪಿಕೊಂಡು, ಕೆಲಕಾಲ ಬಿಡುವು ಪಡೆಯುವುದಾಗಿ ಹೇಳಿದರು. ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಆ ಆವೃತ್ತಿಯ ಹೊಣೆ ಹೊತ್ತರು. ಅದೇ ದಿನ ಹಳೆಯ ಬರಹ ಹೋಗಿ ಕವನಂಟ್ ಬಂತು.

ಮೊದಲೇ ಬಹಿರಂಗ ಚರ್ಚೆ ನಡೆಯದೆ ಸಂಹಿತೆ ಬಂದದ್ದು ಹಲವರನ್ನು ಕೆರಳಿಸಿತು. ಕೋಡ್ ಬರೆದವರು ಸಿಟ್ಟಿನಿಂದ ತಮ್ಮ ಪರವಾನಗಿಯನ್ನು ಹಿಂಪಡೆಯಬಹುದೆಂಬ ಮಾತೂ ಹರಿದಾಡಿತು, ಹಾಗೇನೂ ಆಗಲಿಲ್ಲ. ಅಕ್ಟೋಬರಿನಲ್ಲಿ ಟೊರ್ವಾಲ್ಡ್ಸ್ ಮರಳಿದರು. ಸಂಹಿತೆಯನ್ನು ಕರ್ನಲ್ ಹೇಗೆ ಓದಿಕೊಳ್ಳಬೇಕೆಂದು ವಿವರಿಸುವ ಇನ್ನೊಂದು ದಾಖಲೆಯೂ ಸೇರಿತು. ಕವನಂಟ್ ಎಲ್ಲ ಯೋಜನೆಗಳಿಗೂ ಒಂದೇ ಆದದ್ದರಿಂದ ಕರ್ನಲ್ಲಿನ ಕೆಲಸದ ರೀತಿಗೆ ಹೊಂದಿಸುವ ಈ ಭಾಷ್ಯ ಬೇಕಾಯಿತು. ದೂರುಗಳಲ್ಲಿ ಮಧ್ಯಸ್ಥಿಕೆ ವಹಿಸಲು ಅದರಲ್ಲಿ ಹೆಸರಿಸಲ್ಪಟ್ಟವರು ಭಾರತದ ವಕೀಲೆ ಮಿಶಿ ಚೌಧರಿ. ದೆಹಲಿಯ ಸಾಫ್ಟ್‌ವೇರ್ ಸ್ವಾತಂತ್ರ್ಯ ಕಾನೂನು ಕೇಂದ್ರವನ್ನು ಕಟ್ಟಿದವರು ಅವರು.

ಇದೇ ಅಕ್ಟೋಬರಿನಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಬಹುಪಾಲು ಮೊಬೈಲುಗಳ ಒಳಗಿರುವ ಎಸ್‌ಕ್ಯುಲೈಟ್ ಎಂಬ ಡೇಟಾಬೇಸ್ ತಂತ್ರಾಂಶದ ಕರ್ತೃ ರಿಚರ್ಡ್ ಹಿಪ್, ಸಂಹಿತೆ ಎಲ್ಲಿದೆ ಎಂದು ಕೇಳುವ ಗ್ರಾಹಕರಿಗಾಗಿ ಆರನೇ ಶತಮಾನದ ಸಂತ ಬೆನೆಡಿಕ್ಟನ ಮಠನಿಯಮಗಳಲ್ಲಿನ 72 ವಿಧಿಗಳನ್ನು ಹಾಕಿದ್ದು ಸುದ್ದಿಯಾಯಿತು. ಬೆರಳೆಣಿಕೆಯ ಜನ ಬರೆಯುವ, ಹೊರಗಿನವರ ಕೋಡನ್ನು ಸಾಮಾನ್ಯವಾಗಿ ಸ್ವೀಕರಿಸದ ಯೋಜನೆಯದು. ದೇವರನ್ನು ಪ್ರೀತಿಸಬೇಕೆಂಬ ವಿಧಿಯನ್ನು ನೋಡಿ ಕೆಲವರು ನಕ್ಕರು, ಕೆಲವರು ಸಿಟ್ಟಾದರು. ಕೆಲವೇ ದಿನಗಳಲ್ಲಿ ಅದಕ್ಕೆ ‘ನೈತಿಕ ಸಂಹಿತೆ’ ಎಂದು ಹೆಸರು ಬದಲಿಸಿ, ನೀತಿ ಸಂಹಿತೆಯ ಜಾಗಕ್ಕೆ ಮೊಜಿಲ್ಲಾದ ಮಾರ್ಗಸೂಚಿಯನ್ನು ತರಲಾಯಿತು. ಸಂಹಿತೆಯೆಂಬುದು ಅಷ್ಟು ಹೊತ್ತಿಗೆ ಗ್ರಾಹಕರು ಕೇಳಿ ನೋಡುವ ಒಂದು ಕಾಗದವಾಗಿತ್ತು ಎಂಬುದು ಇದರಿಂದ ತಿಳಿಯುತ್ತದೆ.

ಸಂಹಿತೆಗಳು ನೆಲೆಯೂರಿದಂತೆ ಜಗಳದ ಕೇಂದ್ರ ಬರಹದಿಂದ ತೀರ್ಪುಗಾರರ ಕಡೆಗೆ ಸರಿಯಿತು. 2017ರ ಆಗಸ್ಟ್‌ನಲ್ಲಿ ನೋಡ್.ಜೆಎಸ್ ಎಂಬ ತಂತ್ರಾಂಶ ಯೋಜನೆಯ ಸಮಿತಿ ಸಂಹಿತೆ ಮೀರಿದ ಆರೋಪವಿದ್ದ ತನ್ನ ಸದಸ್ಯರೊಬ್ಬರನ್ನು ಕೈಬಿಡಲು ನಿರಾಕರಿಸಿದಾಗ ಕೆಲವರು ರಾಜೀನಾಮೆ ಕೊಟ್ಟರು; ‘ಅಯೊ’ ಎಂಬ ಕವಲು ಯೋಜನೆ ಹುಟ್ಟಿ, ಕಾಲಕ್ರಮದಲ್ಲಿ ಸೊರಗಿತು. 2020ರಲ್ಲಿ ಜುಪಿಟರ್‌ಕಾನ್ ಸಮ್ಮೇಳನದಲ್ಲಿ ಇನ್ನೊಬ್ಬರ ಭಾಷಣವನ್ನು ಟೀಕಿಸಿದ್ದ ಜೆರೆಮಿ ಹವರ್ಡ್ ಅವರನ್ನು ಸಂಹಿತೆಯ ಹೆಸರಿನಲ್ಲಿ ವಿಚಾರಿಸಿದ ನಮ್‌ಫೋಕಸ್ ಸಂಸ್ಥೆ ಆಮೇಲೆ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ಆರಂಭದಿಂದಲೂ ಸಂಹಿತೆಯನ್ನು ಹೊಂದಿದ್ದು, ಅದನ್ನು ಜಾರಿ ಮಾಡಲು ಪ್ರತ್ಯೇಕ ತಂಡವನ್ನೇ ಇಟ್ಟುಕೊಂಡಿದ್ದ ರಸ್ಟ್ ಭಾಷೆಯ ಬಳಗದಲ್ಲಿ 2021ರ ನವೆಂಬರ್‌ನಲ್ಲಿ ಆ ಇಡೀ ತಂಡ ರಾಜೀನಾಮೆ ಕೊಟ್ಟಿತು. ನಾಯಕ ತಂಡ ಯಾರಿಗೂ ಉತ್ತರದಾಯಿಯಲ್ಲ, ಅದಕ್ಕೆ ನಿಯಮ ಅನ್ವಯಿಸಲಾಗುತ್ತಿಲ್ಲ ಎಂಬುದು ಅದರ ದೂರು. 2023ರಲ್ಲಿ ಹಳೆಯ ನಾಯಕ ತಂಡದ ಜಾಗಕ್ಕೆ ಲೀಡರ್‌ಶಿಪ್ ಕೌನ್ಸಿಲ್ ಬಂತು. 2024ರ ಆಗಸ್ಟ್‌ನಲ್ಲಿ ಪೈಥಾನ್ ಬಳಗ ದಶಕಗಳಿಂದ ದುಡಿದ ಹಿರಿಯರೊಬ್ಬರನ್ನು ಮೂರು ತಿಂಗಳು ಅಮಾನತಿನಲ್ಲಿಟ್ಟಾಗ, ಕಾರಣಗಳ ಪಟ್ಟಿಯಲ್ಲಿದ್ದ ಹಲವು ಅಂಶಗಳು ಶಿಕ್ಷೆಗೆ ತಕ್ಕವೇ ಎಂಬ ಬಗ್ಗೆ ಬಳಗವೇ ಎರಡಾಯಿತು.

ಈ ಬದಲಾವಣೆ ಕನ್ನಡದ ಅಂಗಳಕ್ಕೂ ಬಂದಿದೆ. 2009ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪೈಕಾನ್ ಇಂಡಿಯಾ ಈಗ ನೀತಿ ಸಂಹಿತೆಯೊಂದಿಗೇ ನಡೆಯುತ್ತದೆ. 2021ರ ಫೆಬ್ರುವರಿಯಲ್ಲಿ ವಿಕಿಮೀಡಿಯ ಫೌಂಡೇಶನ್ ಪ್ರಕಟಿಸಿದ ಸಾರ್ವತ್ರಿಕ ನೀತಿ ಸಂಹಿತೆ ಕನ್ನಡ ವಿಕಿಪೀಡಿಯಕ್ಕೂ ಅನ್ವಯಿಸುತ್ತದೆ. ಅದರ ಜಾರಿ ನಿಯಮಗಳನ್ನು ಸಂಪಾದಕರ ಮತಕ್ಕೆ ಹಾಕಿ, ತಿದ್ದಿ, 2023ರಲ್ಲಿ ಎರಡನೆಯ ಮತದಾನದ ನಂತರ ಒಪ್ಪಲಾಯಿತು.

ಲಾಭನಷ್ಟದ ಲೆಕ್ಕದಲ್ಲಿ ಎರಡೂ ಕಡೆ ಆಧಾರವಿದೆ. ಗಿಟ್‌ಹಬ್‌ನ 2017ರ ಸಮೀಕ್ಷೆಯಲ್ಲಿ ಶೇ 18 ಮಂದಿ ತಾವೇ ಕಹಿ ವರ್ತನೆಗೆ ಗುರಿಯಾದದ್ದಾಗಿಯೂ ಶೇ 50 ಮಂದಿ ಅಂಥದ್ದನ್ನು ಕಂಡದ್ದಾಗಿಯೂ ಹೇಳಿದ್ದರು; ನಿಯಮವಿಲ್ಲದ ಸ್ಥಿತಿಗೂ ಬೆಲೆ ತೆರಬೇಕಿತ್ತು, ಆದರೆ ಸದ್ದಿಲ್ಲದೆ ಬಿಟ್ಟುಹೋದವರ ಲೆಕ್ಕ ಯಾರ ಪುಸ್ತಕದಲ್ಲೂ ಇರಲಿಲ್ಲ. ಸಂಹಿತೆಯ ಕಾರಣಕ್ಕೇ ಬಿಟ್ಟವರೂ ಇದ್ದಾರೆ: 2018ರಲ್ಲಿ ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಯೋಜನೆಯ ಪ್ರಮುಖ ಕೊಡುಗೆದಾರರೊಬ್ಬರು ಹೊರನಡೆಯುವಾಗ ಕೊಟ್ಟ ಕಾರಣಗಳಲ್ಲಿ ಅದೂ ಒಂದು. ಫ್ರೀಬಿಎಸ್‌ಡಿ ಎಂಬ ಕಾರ್ಯಾಚರಣೆ ವ್ಯವಸ್ಥೆಯ ಬಳಗದ ಅನುಭವ ಎರಡನ್ನೂ ಜೋಡಿಸುತ್ತದೆ. 2018ರಲ್ಲಿ ಅದು ತಂದ ಉದ್ದನೆಯ ಸಂಹಿತೆ ಒಡಕು ಮೂಡಿಸಿತು. 2020ರಲ್ಲಿ ಬಳಗದವರ ಅಭಿಪ್ರಾಯ ಕೇಳಿ, ಎಲ್‌ಎಲ್‌ವಿಎಂನ ಸಂಹಿತೆಯನ್ನೇ ಆಧರಿಸಿದ ಸರಳ ಬರಹವನ್ನು ಅದರ ಬದಲಿಗೆ ತಂದಾಗ ಗದ್ದಲ ತಣ್ಣಗಾಯಿತು. ಕೆಟ್ಟದ್ದು ಹೆಚ್ಚಾಗಿ ಬರಹವನ್ನು ತಂದ ಬಗೆಯಲ್ಲಿ, ಅದರ ಕೈ ಚಾಚುವ ಎಲ್ಲೆಯಲ್ಲಿ, ವಿಚಾರಣೆಯ ಕ್ರಮದಲ್ಲಿ.

ಈಚಿನ ತಿದ್ದುಪಡಿಗಳು ತಟ್ಟಿರುವುದೂ ಇದೇ ಭಾಗಕ್ಕೆ. ಕವನಂಟ್‌ನ 2019ರ ಎರಡನೆಯ ಆವೃತ್ತಿ ಶಿಕ್ಷೆಯನ್ನು ತಿದ್ದುವಿಕೆ, ಎಚ್ಚರಿಕೆ, ತಾತ್ಕಾಲಿಕ ನಿಷೇಧ, ಶಾಶ್ವತ ನಿಷೇಧ ಎಂಬ ನಾಲ್ಕು ಮೆಟ್ಟಿಲಾಗಿಸಿತು. 2024ರ ಕೊನೆಗೆ ಲಿನಕ್ಸ್ ಕರ್ನಲ್ ಸಂಹಿತೆಯ ಉಲ್ಲಂಘನೆಗಾಗಿ ತನ್ನ ಕಡತ ವ್ಯವಸ್ಥೆಯೊಂದರ ನಿರ್ವಾಹಕರ ಕೋಡನ್ನು 6.13ನೇ ಆವೃತ್ತಿಯ ಮಟ್ಟಿಗೆ ತಡೆಹಿಡಿದಾಗ, ಇಂಥ ಕ್ರಮಕ್ಕೆ ತಾಂತ್ರಿಕ ಸಲಹಾ ಮಂಡಳಿಯ ಮೂರನೇ ಎರಡರಷ್ಟು ಮತ ಬೇಕೆಂಬ ಸಾಲು ಅದರ ದಾಖಲೆಯನ್ನು ಸೇರಿತು.