ಅಟ್ಟದಿಂದ ಅಂಗಳಕ್ಕೆ: ನಮ್ಮ ಸೌದೆಯ ಕಥೆ

'ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು' ಅನ್ನೋ ಗಾದೆ ಎಲ್ಲರಿಗೂ ಗೊತ್ತು. ಆದರೆ ಗ್ಯಾಸ್ ಒಲೆ ನೋಡಿ ಬೆಳೆದವರಿಗೆ ಅದರ ಎರಡನೇ ಅರ್ಧ ಸ್ವಲ್ಪ ವಿಚಿತ್ರ ಅನ್ನಿಸುತ್ತೆ. ಇಲ್ಲಿ 'ಅಟ್ಟ ಮೇಲೆ' ಅಂದರೆ ಅಡುಗೆ ಮಾಡಿ ಮುಗಿಸಿದ ಮೇಲೆ ಅಂತ. ಹಸಿ ಸೌದೆ ಇಟ್ಟು, ಊದುಗೊಳವೆಯಲ್ಲಿ ಊದಿ ಊದಿ, ಕಣ್ಣೀರು ಸುರಿಸಿ ಹೇಗೋ ಅನ್ನ ಬೇಯಿಸಿದ್ದಾಯ್ತು. ಅಷ್ಟು ಹೊತ್ತಿಗೆ ಒಲೆ ಶಾಖಕ್ಕೇ ಸೌದೆ ಒಣಗಿ ಧಗಧಗ ಉರಿಯೋಕೆ ಶುರುವಾಯ್ತು! ತಮಾಷೆ ನೋಡಿ, ಈ ಗಾದೆ ಹೇಳುವ ಕಷ್ಟಕ್ಕೆ ನಮ್ಮ ಹಿರಿಯರು ಕಂಡುಕೊಂಡಿದ್ದ ಪರಿಹಾರದ ಹೆಸರೂ ಅಟ್ಟವೇ. ಒಲೆಯ ನೆತ್ತಿಯ ಮೇಲಿನ ಸೌದೆ ಅಟ್ಟ.

ಈಗ ಆನ್‌ಲೈನ್ ಅಂಗಡಿಗಳಲ್ಲಿ ಸೌದೆ ಇಡೋದಕ್ಕೆ ಅಂತಲೇ ಕಬ್ಬಿಣದ ಸ್ಟ್ಯಾಂಡ್ ಸಿಗುತ್ತೆ. ಮಂಡ್ಯ ತಾಲ್ಲೂಕಿನ ದುದ್ದದಂಥ ಊರಿನ ಮನೆಗೆ ಅದು ಸರಿಹೋಗುತ್ತಾ? ಇದಕ್ಕೆ ಉತ್ತರ ಬೇಕಾದರೆ ಮೊದಲು ಆ ಹಳೇ ಅಟ್ಟ ಏನು ಕೆಲಸ ಮಾಡುತ್ತಿತ್ತು ಅಂತ ನೋಡಬೇಕು.

ಅಟ್ಟದ ಇಂಜಿನಿಯರಿಂಗ್

ಹಳೇ ಮೈಸೂರು ಕಡೆಯ ಮನೆಗಳಲ್ಲಿ ರಾಗಿ ನೆಲದೊಳಗೆ, ಸೌದೆ ತಲೆಯ ಮೇಲೆ. ರಾಗಿಗೆ ಹಗೇವು, ಸೌದೆಗೆ ಬಿದಿರು ಗಳುಗಳ ಅಟ್ಟ. ಒಲೆಯ ಹೊಗೆ ನೇರ ಮೇಲೇರಿ, ಅಟ್ಟದ ಸಂದಿಗಳಲ್ಲಿ ನುಸುಳಿ, ನಾಡಹೆಂಚಿನ ಸಂದಿಯಿಂದ ಆಚೆ ಹೋಗುತ್ತಿತ್ತು. ಇವತ್ತಿನ ಅಡುಗೆಯ ಹೊಗೆ ಮುಂದಿನ ತಿಂಗಳ ಸೌದೆಯನ್ನು ಒಣಗಿಸುತ್ತಿತ್ತು. ಸೌದೆಗೆ ಹುಳ ಬೀಳದಂತೆಯೂ ಹೊಗೆಯೇ ಕಾಯುತ್ತಿತ್ತು. ಖರ್ಚಿಲ್ಲದ ಡ್ರೈಯರ್!

ಒಣಗೋದರ ಬೆಲೆ ಏನು? ಸ್ವಲ್ಪ ಲೆಕ್ಕ ಹಾಕೋಣ. ಆಗತಾನೇ ಕಡಿದ ಮರದ ತೂಕದಲ್ಲಿ ಹೆಚ್ಚುಕಮ್ಮಿ ಅರ್ಧ ನೀರೇ. ಗಾಳಿಯಲ್ಲಿ ಚೆನ್ನಾಗಿ ಒಣಗಿದರೆ ಅದು ಶೇಕಡ 15-20ಕ್ಕೆ ಇಳಿಯುತ್ತೆ. ಪೂರ್ತಿ ಒಣಗಿದ ಸೌದೆಯ ಶಾಖ ಕೆಜಿಗೆ ಸುಮಾರು 18 ಮೆಗಾಜೂಲ್. ಅರ್ಧ ನೀರಿರುವ ಒಂದು ಕೆಜಿಯಲ್ಲಿ ಇರೋದು 9 ಮಾತ್ರ. ಅದರಲ್ಲೂ ಆ ನೀರನ್ನು ಆವಿ ಮಾಡೋದಕ್ಕೆ 1.3ರಷ್ಟು ಹೋಗಿ, ಪಾತ್ರೆಗೆ ಅಂತ ಉಳಿಯೋದು 8ಕ್ಕೂ ಕಮ್ಮಿ. ಶೇಕಡ 20 ನೀರಿದ್ದರೆ ಇದೇ ಲೆಕ್ಕದಲ್ಲಿ 14ರ ಹತ್ತಿರ ಬರುತ್ತೆ. ಅಂದರೆ ತೂಕದ ಮೇಲೆ ಹಸಿ ಸೌದೆ ಕೊಂಡವರು ಅರ್ಧ ದುಡ್ಡು ನೀರಿಗೆ ಕೊಟ್ಟ ಹಾಗೆ. ಇದಕ್ಕಿಂತ ದೊಡ್ಡ ನಷ್ಟ ಹೊಗೆ. ಹಸಿ ಸೌದೆಯ ಬೆಂಕಿ ತಣ್ಣಗಿರುತ್ತೆ, ಅದರ ಆವಿ ಪೂರ್ತಿ ಉರಿಯದೆ ಹೊಗೆಯಾಗುತ್ತೆ. ಅದನ್ನು ಕುಡಿಯುತ್ತಿದ್ದವರು ಯಾರು ಅಂತ ಹೇಳಬೇಕಾಗಿಲ್ಲ.

ನಾಲೆ ಬಂತು, ಸೌದೆ ಬದಲಾಯ್ತು

ನಾಲೆ ಬರುವ ಮೊದಲು ಇಲ್ಲಿನ ಸೌದೆ ಅಂದರೆ ಹೊಲದ ಬದುವಿನ ಜಾಲಿ, ಹೊಂಗೆ, ಹುಣಸೆ, ಜೊತೆಗೆ ಬೆರಣಿ. 1911ರಲ್ಲಿ ಕನ್ನಂಬಾಡಿ ಕಟ್ಟೆ ಕೆಲಸ ಶುರುವಾಯ್ತು. 1930ರ ದಶಕದಲ್ಲಿ ಇರ್ವಿನ್ ನಾಲೆ, ಅಂದರೆ ಇವತ್ತಿನ ವಿಶ್ವೇಶ್ವರಯ್ಯ ನಾಲೆ, ಮಂಡ್ಯದ ಬಯಲಿಗೆ ನೀರು ತಂದಿತು. 1933ರಲ್ಲಿ ಸಕ್ಕರೆ ಕಾರ್ಖಾನೆ ಆಯ್ತು. ಬಯಲಲ್ಲಿ ಭತ್ತ, ಕಬ್ಬು, ತೆಂಗು ಬಂದವು. ಮದ್ದೂರು, ಮಳವಳ್ಳಿ ಕಡೆ ರೇಷ್ಮೆಯೂ ಇತ್ತು. ಕಬ್ಬಿನ ಸಿಪ್ಪೆ ಆಲೆಮನೆಯ ಒಲೆಗೇ ಹೋಗುತ್ತೆ, ತರಗು ಭಗ್ ಅಂತ ಉರಿದು ಮುಗಿಯುತ್ತೆ. ಮನೆ ಒಲೆಗೆ ಒದಗಿದ್ದು ತೆಂಗಿನ ಮಟ್ಟೆ, ಗರಿ, ಚಿಪ್ಪು ಮತ್ತು ಹುಳು ಎಲೆ ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ.

ಮದ್ದೂರಿಂದ ದೂರವೇನಲ್ಲದ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ಕೇಂದ್ರ ಕೆಲಸ ಮಾಡಿತು. ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ಕೇಂದ್ರ ಅದು. ಸುತ್ತಲ ಹಳ್ಳಿಗಳಲ್ಲಿ ಅವರ ತಂಡ ಕಂಡುಕೊಂಡದ್ದು: ಹಳ್ಳಿಯ ಇಂಧನದಲ್ಲಿ ಬಹುಪಾಲು ಸೌದೆ, ಸೌದೆಯಲ್ಲಿ ಬಹುಪಾಲು ಅಡುಗೆಗೆ, ಮತ್ತು ಅದರಲ್ಲಿ ಹೆಚ್ಚಿನದು ಆಯ್ದು ತಂದ ಪುಳ್ಳೆ-ರೆಂಬೆ. ಮರ ಕಡಿದು ತಂದ ದಿಮ್ಮಿ ಅಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಸ್ಟ್ಯಾಂಡ್ ಆರಿಸುವಾಗ ಬೇಕಾಗುತ್ತೆ.

ಹೊಗೆ ಹೋಯ್ತು, ಅಟ್ಟವೂ ಹೋಯ್ತು

ಅದೇ ತಂಡ 1980ರ ದಶಕದ ಹೊತ್ತಿಗೆ ಕೊಟ್ಟದ್ದು ಹೊಗೆ ಕೊಳವೆ ಇರುವ ಅಸ್ತ್ರ ಒಲೆ. ಹೆಣ್ಣುಮಕ್ಕಳ ಕಣ್ಣು, ಎದೆ ಎರಡಕ್ಕೂ ಅದರಿಂದ ಉಪಕಾರವಾಯ್ತು. ಆದರೆ ಹೊಗೆ ಕೊಳವೆಯಲ್ಲಿ ಆಚೆ ಹೋದ ಮೇಲೆ ಅಟ್ಟದ ಸೌದೆ ಒಣಗಿಸೋರು ಯಾರು? ಈ ಒಲೆಗೆ ಸಣ್ಣಗೆ ಸೀಳಿದ, ಚೆನ್ನಾಗಿ ಒಣಗಿದ ಸೌದೆಯೇ ಬೇಕಿತ್ತು ಬೇರೆ. ಆಮೇಲೆ ಹೆಂಚಿನ ಮನೆ ಇಳಿಸಿ ಆರ್‌ಸಿಸಿ ಹಾಕಿಸಿದೆವು. ಅಡುಗೆಮನೆ 'ಅಟ್ಟ' ಹಿತ್ತಾಳೆ ಪಾತ್ರೆ ಇಡುವ ಸಜ್ಜ ಆಯ್ತು. 2016ರಲ್ಲಿ ಉಜ್ವಲ, ಆಮೇಲೆ ರಾಜ್ಯದ ಅನಿಲಭಾಗ್ಯ ಬಂದು, ಅಡುಗೆ ಗ್ಯಾಸಿಗೆ ಹೋಯ್ತು. ಸೌದೆ ಮಾತ್ರ ಪೂರ್ತಿ ಹೋಗಲಿಲ್ಲ. ಸ್ನಾನದ ಹಂಡೆ, ಹಬ್ಬದ ಅಡುಗೆ, ಮುದ್ದೆ ಕೂಡಿಸೋ ದೊಡ್ಡ ಪಾತ್ರೆ ಇವಕ್ಕೆಲ್ಲ ಈಗಲೂ ಅದೇ. ಆದರೆ ಅದರ ಜಾಗ ಕಾಂಪೌಂಡ್ ಗೋಡೆ ಪಕ್ಕದ ನೆಲ, ಮೇಲೊಂದು ಪ್ಲಾಸ್ಟಿಕ್ ಟಾರ್ಪಾಲು. ಕೆಳಗೆ ಗೆದ್ದಲು, ಒಳಗೆ ಚೇಳು, ಒಮ್ಮೊಮ್ಮೆ ಹಾವು. ಟಾರ್ಪಾಲಿನೊಳಗೆ ಬೆವರಿ ಬೆವರಿ ಸೌದೆಗೆ ಬೂಷ್ಟು.

ಹಾಗಾದರೆ ಯಾವುದು ಬೇಕು?

ಹೊಗೆ ಮಾಡುತ್ತಿದ್ದ ಕೆಲಸವನ್ನು ಗಾಳಿಗೆ ಒಪ್ಪಿಸಬೇಕು, ಇಷ್ಟೇ ಸೂತ್ರ. ಅದಕ್ಕೆ ಸೌದೆ ನೆಲದಿಂದ ಒಂದಡಿ ಮೇಲಿರಬೇಕು, ಗೋಡೆಗೆ ತಾಗದೆ ಗೇಣಷ್ಟು ಸಂದಿ ಇರಬೇಕು. ಮೇಲೆ ತಗಡು, ನಾಲ್ಕೂ ಕಡೆ ಬಯಲು.

ಆನ್‌ಲೈನ್ ಸ್ಟ್ಯಾಂಡುಗಳು ಚಳಿದೇಶದ ಬೆಂಕಿಗೂಡಿನ ದಿಮ್ಮಿಗೆ ಅಂತ ಮಾಡಿದ ಮಾದರಿಯವು. ಎರಡು ಪಕ್ಕ ಮಾತ್ರ ಕಂಬಿ, ತಳದಲ್ಲೂ ಎರಡೇ ಕಂಬಿ. ಒಂದೇ ಅಳತೆಯ ದಿಮ್ಮಿ ಅದರಲ್ಲಿ ಚೆನ್ನಾಗಿ ಕೂರುತ್ತೆ. ನಮ್ಮ ಹಿಪ್ಪುನೇರಳೆ ಕಡ್ಡಿ, ತೆಂಗಿನ ಮಟ್ಟೆ ಸಂದಿಯಲ್ಲಿ ಜಾರಿ ಕೆಳಗೆ ಬೀಳುತ್ತೆ. ನಮಗೆ ಬೇಕಾದ್ದು ಹತ್ತಿರ ಹತ್ತಿರ ಪಟ್ಟಿ ಇರುವ ತಳ, ಅದೇ ಹಳೇ ಬಿದಿರು ಅಟ್ಟದ ಹಾಗೆ. ನಾಲ್ಕು ಗಿಡ್ಡ ಕಲ್ಲು ಕಂಬ, ಮೇಲೆ ಕಬ್ಬಿಣದ ಆಂಗಲ್, ಅದರ ಮೇಲೆ ಬಿದಿರು ಅಥವಾ ಕಬ್ಬಿಣದ ಪಟ್ಟಿ. ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಆಗುವ ಕೆಲಸ. ಕಲ್ಲು ಕಂಬಕ್ಕೆ ತುಕ್ಕೂ ಇಲ್ಲ, ಗೆದ್ದಲಿನ ಭಯವೂ ಇಲ್ಲ. ನಡುವೆ ಒಂದು ಅಡ್ಡಪಟ್ಟಿ ಹಾಕಿಸಿ. ಒಂದು ಕಡೆ ಈ ವರ್ಷದ್ದು, ಇನ್ನೊಂದು ಕಡೆ ಹೊಸದು. ಇಲ್ಲದಿದ್ದರೆ ಹೊಸದನ್ನೇ ಮೇಲೆ ಒಟ್ಟಿ, ಮೇಲಿನದನ್ನೇ ಮೊದಲು ತೆಗೆದು, ವರ್ಷವೆಲ್ಲಾ ಹಸಿ ಸೌದೆ ಉರಿಸ್ತೀವಿ.

ಒಟ್ಟೋ ಕಾಲವೂ ಮುಖ್ಯ. ಮಂಡ್ಯ ಸೀಮೆಯಲ್ಲಿ ಜೋರು ಮಳೆ ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಅದರ ಬೆನ್ನಿಗೇ ದೀಪಾವಳಿ, ಹಂಡೆ ತುಂಬಾ ಬಿಸಿನೀರು. ಶಿವರಾತ್ರಿ ಹೊತ್ತಿಗೆ ಸೀಳಿ ಒಟ್ಟಿಬಿಟ್ಟರೆ ಇಡೀ ಬೇಸಿಗೆ ಅದರದ್ದು. ಹಬ್ಬದ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಒಲೆ ಹಚ್ಚೋ ಅಮ್ಮನೋ ಅಜ್ಜಿಯೋ ಊದುಗೊಳವೆ ಹುಡುಕಬೇಕಾಗಿಲ್ಲ.