ಬಾಗಿಲ ಹೊರಗೆ ನಿಂತವನು: ಮಹಾಮಾರಿಗಳ ಕಾಲದಲ್ಲಿ ಮನೆಯ ದಾಸ್ತಾನು



ಇತಿಹಾಸವನ್ನು ಕುರಿತು ಮಾತನಾಡಲು ವೈದ್ಯನೊಬ್ಬನನ್ನು ಆಹ್ವಾನಿಸಿರುವುದು ತಮ್ಮ ಔದಾರ್ಯ. ನಾನು ಇತಿಹಾಸದ ವಿದ್ವಾಂಸನಲ್ಲ, ಕರ್ನಾಟಕದಲ್ಲಿ ಎಂ.ಬಿ.ಬಿ.ಎಸ್. ಓದಿ, ಅಮೆರಿಕಕ್ಕೆ ಬಂದು ರೆಸಿಡೆನ್ಸಿ ಮುಗಿಸಿ, ಅಂದಿನಿಂದ ರೋಗಿಗಳ ನಡುವೆಯೇ ಕಾಲ ಕಳೆಯುತ್ತಿರುವವನು. ಆದರೆ 2020ರ ಮಾರ್ಚ್ ತಿಂಗಳಲ್ಲಿ ನಮ್ಮವರ ಮನೆಗಳಿಂದ ಬರುತ್ತಿದ್ದ ದೂರವಾಣಿ ಕರೆಗಳಲ್ಲಿ ಜ್ವರ, ಕೆಮ್ಮುಗಳ ವಿಚಾರಕ್ಕಿಂತ ಮೊದಲು ಕೇಳಿಬರುತ್ತಿದ್ದ ಪ್ರಶ್ನೆಯೊಂದು ನನ್ನನ್ನು ಹಳೆಯ ಪುಸ್ತಕಗಳ ಕಡೆಗೆ ತಿರುಗಿಸಿತು. “ಡಾಕ್ಟರೇ, ಎಷ್ಟು ದಿನಕ್ಕಾಗುವಷ್ಟು ಸಾಮಾನು ತಂದಿಟ್ಟುಕೊಳ್ಳಬೇಕು?” ಎಂಬುದೇ ಆ ಪ್ರಶ್ನೆ. ಮುನ್ನೂರೈವತ್ತು ವರ್ಷಗಳ ಹಿಂದೆ ಲಂಡನ್ನಿನ ಗೃಹಸ್ಥರಿಗೂ ಇದೇ ಚಿಂತೆ ಇತ್ತು. ಹಳೆಯ ಬರಹಗಳನ್ನು ಓದುತ್ತ ಹೋದಂತೆ, ಎಷ್ಟು ತಂದಿಡಬೇಕೆಂಬುದಕ್ಕಿಂತ ಅದನ್ನು ತಂದುಕೊಡುವವನು ಯಾರು, ಅವನ ಗತಿ ಏನಾಯಿತು ಎಂಬ ವಿಷಯ ನನ್ನ ಮನಸ್ಸನ್ನು ಹಿಡಿಯಿತು. ಅದನ್ನೇ ಇಂದು ತಮ್ಮ ಮುಂದಿಡಬಯಸುತ್ತೇನೆ.

1665ರಲ್ಲಿ ಲಂಡನ್ ನಗರವನ್ನು ಪ್ಲೇಗ್ ಆವರಿಸಿತು. ಆ ವರ್ಷದ ಮರಣಪಟ್ಟಿಗಳು ಪ್ಲೇಗಿನಿಂದ ಸತ್ತವರ ಸಂಖ್ಯೆಯನ್ನು 68,596 ಎಂದು ಕೊಡುತ್ತವೆ; ವಾಸ್ತವ ಸಂಖ್ಯೆ ಒಂದು ಲಕ್ಷದ ಸಮೀಪವೆಂದು ವಿದ್ವಾಂಸರ ಅಂದಾಜು. ದೊರೆ ಎರಡನೆಯ ಚಾರ್ಲ್ಸ್ ಪರಿವಾರಸಮೇತನಾಗಿ ಊರು ಬಿಟ್ಟ. ಸಿರಿವಂತ ವರ್ತಕರೂ, ನಾಚಿಕೆಯಿಂದಲೇ ಹೇಳಬೇಕು, ವೈದ್ಯರಲ್ಲಿ ಅನೇಕರೂ ಅದೇ ದಾರಿ ಹಿಡಿದರು. ನೌಕಾ ಇಲಾಖೆಯ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್ ಹೆಂಡತಿಯನ್ನು ವುಲಿಚ್ ಎಂಬಲ್ಲಿಗೆ ಕಳುಹಿಸಿದ. ಜೂನ್ 7ರಂದು ಡ್ರೂರಿ ಲೇನ್ ಬೀದಿಯಲ್ಲಿ ಬಾಗಿಲಿಗೆ ಕೆಂಪು ಶಿಲುಬೆ ಬರೆದ ಮನೆಗಳನ್ನು ಕಂಡ ಕೂಡಲೆ ಅವನು ಕೊಂಡದ್ದು ಹೊಗೆಸೊಪ್ಪು. ಮೂಸುವುದಕ್ಕೆ ಮತ್ತು ಅಗಿಯುವುದಕ್ಕೆ. ಅದು ರೋಗವನ್ನು ದೂರವಿಡುತ್ತದೆಂಬ ನಂಬಿಕೆ ಆಗ ಬಲವಾಗಿತ್ತು. ಅದೇ ವರ್ಷದ ಕೊನೆಯಲ್ಲಿ ತನ್ನ ಆಸ್ತಿ 1,300 ಪೌಂಡುಗಳಿಂದ 4,400 ಪೌಂಡುಗಳಿಗೆ ಏರಿತೆಂದು ಅವನು ದಿನಚರಿಯಲ್ಲಿ ಲೆಕ್ಕ ಬರೆದಿಟ್ಟಿದ್ದಾನೆ. ಮಹಾಮಾರಿ ಎಲ್ಲರನ್ನೂ ಸಮನಾಗಿ ಕಾಣುತ್ತದೆಂದು ಹೇಳುವವರು ಈ ಲೆಕ್ಕವನ್ನೊಮ್ಮೆ ನೋಡಬೇಕು.

ಮನೆಯ ದಾಸ್ತಾನಿನ ವಿವರ ಬೇಕೆಂದರೆ ನಾವು ಡೇನಿಯಲ್ ಡೀಫೋನ ಬಳಿಗೆ ಹೋಗಬೇಕು. 1665ರಲ್ಲಿ ಅವನು ಎಳೆಯ ಬಾಲಕ. 1720ರಲ್ಲಿ ಫ್ರಾನ್ಸಿನ ಮಾರ್ಸೇಲ್ಸ್ ಬಂದರಿಗೆ ಪ್ಲೇಗ್ ಬಂದು ಇಂಗ್ಲೆಂಡ್ ಮತ್ತೆ ನಡುಗಿದಾಗ, 1722ರಲ್ಲಿ ಈ ವಿಷಯವಾಗಿ ಎರಡು ಪುಸ್ತಕಗಳನ್ನು ಪ್ರಕಟಿಸಿದ. ಅವುಗಳಲ್ಲಿ ಕೇಳಿದ್ದೆಷ್ಟು, ಕಲ್ಪಿಸಿದ್ದೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಆದರೂ ಕಾಲದ ನಡೆನುಡಿಗೆ ಅವು ಒಳ್ಳೆಯ ಸಾಕ್ಷಿ. ಪ್ರಸಿದ್ಧವಾದ ಮೊದಲ ಪುಸ್ತಕದ ನಿರೂಪಕ ಎರಡು ಮೂಟೆ ಹಿಟ್ಟು ತಂದು ರೊಟ್ಟಿ ಸುಡಿಸುತ್ತಾನೆ, ಮೊಳಕೆಧಾನ್ಯ ತಂದು ಮನೆಯಲ್ಲೇ ಬಿಯರ್ ತಯಾರಿಸುತ್ತಾನೆ, ಉಪ್ಪು ಹಾಕಿದ ಬೆಣ್ಣೆಯನ್ನೂ ಚೆಷೈರ್ ಚೀಸನ್ನೂ ಕೂಡಿಡುತ್ತಾನೆ. ಕಸಾಯಿಖಾನೆಗಳ ಸುತ್ತ ರೋಗ ಹೆಚ್ಚಾಗಿದ್ದುದರಿಂದ ಮಾಂಸವನ್ನು ಬಿಟ್ಟುಬಿಡುತ್ತಾನೆ. ಇಷ್ಟೆಲ್ಲ ಮಾಡಿಯೂ ಊರಲ್ಲಿ ಏನು ನಡೆದಿದೆಯೆಂಬ ಕುತೂಹಲ ತಡೆಯಲಾರದೆ ಹೊರಗೆ ಬರುತ್ತಾನೆ. ಕುತೂಹಲಕ್ಕೆ ದಾಸ್ತಾನು ಮಾಡುವ ಉಪಾಯ ಆಗಲೂ ಇರಲಿಲ್ಲ.

ಹೆಚ್ಚು ಜನ ಓದದ ಎರಡನೆಯ ಪುಸ್ತಕದಲ್ಲಿ ಒಬ್ಬ ಕಿರಾಣಿ ವರ್ತಕನ ಕಥೆಯಿದೆ. ಹೆಂಡತಿ, ಮಕ್ಕಳು, ಆಳುಕಾಳುಗಳ ದೊಡ್ಡ ಸಂಸಾರ. ಅವನು ಹಡಗಿನ ಪ್ರಯಾಣಕ್ಕೆ ಸಿದ್ಧವಾಗುವಂತೆ ಗಟ್ಟಿ ಬಿಸ್ಕತ್ತುಗಳನ್ನು ಪೀಪಾಯಿಗಳಲ್ಲಿ ತುಂಬಿಸಿ, ತಿಂಗಳುಗಟ್ಟಲೆಗೆ ಆಗುವಷ್ಟು ಆಹಾರ ಪಾನೀಯಗಳನ್ನು ಒಳಗಿಟ್ಟು, ಬಾಗಿಲು ಭದ್ರಪಡಿಸುತ್ತಾನೆ. ಬಂದ ಕಾಗದಗಳನ್ನು ರಾಟೆಯಿಂದ ಮೇಲಕ್ಕೆಳೆದು, ಗಂಧಕದ ಹೊಗೆ ಹಾಕಿ, ವಿನೆಗರ್ ಚಿಮುಕಿಸಿ ಆಮೇಲೆ ಓದುತ್ತಾನೆ. 2020ರ ಏಪ್ರಿಲ್‌ನಲ್ಲಿ ಹಾಲಿನ ಡಬ್ಬವನ್ನೂ ಬಾಳೆಹಣ್ಣನ್ನೂ ಒರೆಸಿ ಒಳಗಿಟ್ಟ ನಾವು ಅವನನ್ನು ನೋಡಿ ನಗುವಂತಿಲ್ಲ. ಈ ವ್ಯವಸ್ಥೆಯಲ್ಲಿ ಇನ್ನೊಬ್ಬನಿದ್ದಾನೆ. ಹೊರಗಿನ ಕೆಲಸಗಳಿಗೆಂದು ಬಾಗಿಲ ಬಳಿ ಇರಿಸಿಕೊಂಡ ಕೂಲಿಯಾಳು, ಹೆಸರು ಅಬ್ರಹಾಂ. ಒಂದು ದಿನ ಒಳಗಿನಿಂದ ಕೂಗಿದರೆ ಬೇರೊಬ್ಬನ ದನಿ ಉತ್ತರಿಸುತ್ತದೆ. ಅಬ್ರಹಾಂ ಸತ್ತಿದ್ದಾನೆ, ಅವನ ಹೆಂಡತಿಯೂ ಸತ್ತಿದ್ದಾಳೆ. ಅವನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ. ಒಳಗಿದ್ದ ಸಂಸಾರ ಮಾತ್ರ ಕ್ಷೇಮವಾಗಿ ಉಳಿಯುತ್ತದೆ. ಡೀಫೋ ಇದನ್ನು ಮುನ್ನೆಚ್ಚರಿಕೆಯ ಆದರ್ಶವೆಂದು ಬರೆದ. ನಾನು ಈ ಪ್ರಸಂಗವನ್ನು ಓದಿದಾಗಲೆಲ್ಲ ಬಾಗಿಲಿನಾಚೆಯ ಆ ಹೊಸ ದನಿಯ ಬಳಿಯೇ ನಿಂತುಬಿಡುತ್ತೇನೆ.

ಕೂಡಿಡಲು ಹಣವಿಲ್ಲದವರ ಪಾಡೇನು? ರೋಗ ಕಾಣಿಸಿದ ಮನೆಯನ್ನು ನಲವತ್ತು ದಿನ ಮುಚ್ಚಿಡುವುದು ಅಂದಿನ ಕಾಯಿದೆ. ಹಗಲು ಒಬ್ಬ, ರಾತ್ರಿ ಒಬ್ಬ ಕಾವಲುಗಾರ. ಮುಚ್ಚಿದ ಮನೆಗೆ ಬೇಕಾದ ಸಾಮಾನು ತಂದುಕೊಡುವುದೂ ಅವನ ಕೆಲಸವೇ. ಬಡವರ ಖರ್ಚು ಧರ್ಮಕೇಂದ್ರದ ಹಣದಿಂದ ನಡೆಯಬೇಕು. ದೊರೆ ಓಡಿಹೋದರೂ ನಗರದ ಮೇಯರ್ ಸರ್ ಜಾನ್ ಲಾರೆನ್ಸ್ ಊರು ಬಿಡಲಿಲ್ಲ. ಬ್ರೆಡ್ ಮಾಡುವವರು ಒಲೆ ಆರಿಸಿದರೆ ನಾಗರಿಕ ಹಕ್ಕನ್ನೇ ಕಳೆದುಕೊಳ್ಳಬೇಕೆಂಬ ಕಟ್ಟುನಿಟ್ಟು ಇದ್ದಿತೆಂದು ಡೀಫೋ ಬರೆಯುತ್ತಾನೆ. ಸಂತೆಯಲ್ಲಿ ಕಟುಕ ಹಣವನ್ನು ಕೈಯಿಂದ ಮುಟ್ಟದೆ ವಿನೆಗರ್ ತುಂಬಿದ ಪಾತ್ರೆಯೊಳಗೆ ಹಾಕಿಸಿಕೊಳ್ಳುತ್ತಿದ್ದ. ಕೊಳ್ಳುವವನು ಬಾಕಿ ಚಿಲ್ಲರೆ ಪಡೆಯಬೇಕಾಗದಂತೆ ಪುಡಿನಾಣ್ಯಗಳನ್ನು ಹೊತ್ತು ತರುತ್ತಿದ್ದ. ವೈದ್ಯನಾಗಿ ಒಂದು ಮಾತು ಸೇರಿಸಬೇಕು. ರೋಗ ಹರಡುತ್ತವೆಂದು ನಾಯಿ ಬೆಕ್ಕುಗಳನ್ನು ಆ ಊರಿನವರು ರಾಶಿ ರಾಶಿಯಾಗಿ ಕೊಲ್ಲಿಸಿದರು. ಇಲಿಗಳಿಗೆ ಅದಕ್ಕಿಂತ ದೊಡ್ಡ ಉಪಕಾರವುಂಟೆ?

ಡರ್ಬಿಷೈರಿನ ಈಮ್ ಗ್ರಾಮದ ಕಥೆಯನ್ನು ತಮ್ಮಲ್ಲಿ ಕೆಲವರು ಕೇಳಿರಬಹುದು. 1665ರ ಸೆಪ್ಟೆಂಬರಿನಲ್ಲಿ ಲಂಡನ್ನಿನಿಂದ ಬಂದ ಬಟ್ಟೆಯೊಂದಿಗೆ ಅಲ್ಲಿಗೆ ಪ್ಲೇಗ್ ಬಂತೆಂದು ಪ್ರತೀತಿ. ಮರುವರ್ಷದ ಬೇಸಿಗೆಯಲ್ಲಿ ಪಾದ್ರಿ ವಿಲಿಯಂ ಮಾಂಪೆಸನ್ ಮತ್ತು ಅವನಿಗಿಂತ ಹಿಂದೆ ಅಲ್ಲಿದ್ದ ಥಾಮಸ್ ಸ್ಟ್ಯಾನ್ಲಿ ಇಬ್ಬರೂ ಸೇರಿ, ಊರಿನವರಾರೂ ಎಲ್ಲೆ ದಾಟಬಾರದೆಂದು ಒಪ್ಪಿಸಿದರು. ಡೆವನ್‌ಷೈರಿನ ಅರ್ಲ್ ಆಹಾರ ಕಳುಹಿಸಿದ. ಸುತ್ತಲಿನ ಹಳ್ಳಿಯವರು ಗಡಿಯಲ್ಲಿ ಸಾಮಾನು ಇಟ್ಟು ಹೋಗುತ್ತಿದ್ದರು. ಈಮ್‌ನವರು ಗಡಿಗಲ್ಲಿನ ಕುಳಿಗಳಲ್ಲಿ ವಿನೆಗರ್ ತುಂಬಿ ನಾಣ್ಯಗಳನ್ನು ಅದರಲ್ಲಿ ಬಿಡುತ್ತಿದ್ದರು. ಸುಮಾರು 260 ಜನ ಸತ್ತರು. ಅವರಲ್ಲಿ ಮಾಂಪೆಸನ್ನನ ಹೆಂಡತಿಯೂ ಒಬ್ಬಳು. ಆ ಕುಳಿಬಿದ್ದ ಕಲ್ಲು ಈಗಲೂ ಅಲ್ಲಿದೆ.

ಇನ್ನು ನಮ್ಮ ನಾಡಿನ ಕಡೆ ಬರೋಣ. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಡಾ. ಅಕಾಸಿಯೊ ವಿಯೆಗಾಸ್ ಪ್ಲೇಗನ್ನು ಗುರುತಿಸಿದ್ದು ಮಾಂಡ್ವಿ ಎಂಬಲ್ಲಿ. ಬಂದರಿನ ಪಕ್ಕದ ಮಾಂಡ್ವಿ ಧಾನ್ಯದ ಉಗ್ರಾಣಗಳ ಕೇರಿ. ಇದು ಆಕಸ್ಮಿಕವಲ್ಲ. ಧಾನ್ಯವಿದ್ದಲ್ಲಿ ಇಲಿ, ಇಲಿಯ ಮೈಮೇಲೆ ಚಿಗಟ, ಚಿಗಟದ ಮರಿಹುಳುಗಳು ಧಾನ್ಯದ ಧೂಳಿನಲ್ಲೇ ಸೊಗಸಾಗಿ ಬೆಳೆಯುತ್ತವೆ. ಚಿಗಟವೇ ರೋಗವಾಹಕವೆಂದು ಪಾಲ್ ಲೂಯಿ ಸಿಮಂಡ್ 1898ರಲ್ಲಿ ಕರಾಚಿಯಲ್ಲಿ ಕಂಡುಕೊಂಡರೂ ಜಗತ್ತು ಅದನ್ನು ನಂಬಲು ಮತ್ತೆ ಹಲವು ವರ್ಷ ಹಿಡಿಯಿತು. ಅಲ್ಲಿಯವರೆಗೆ, ಕಷ್ಟಕಾಲಕ್ಕೆಂದು ನಡುಮನೆಯ ಮೂಲೆಯಲ್ಲಿ ಮೂಟೆ ಪೇರಿಸಿದ ಗೃಹಸ್ಥ ರೋಗಕ್ಕೆ ತಾನೇ ಊಟ ಬಡಿಸುತ್ತಿದ್ದೇನೆಂದು ಅರಿಯಲು ದಾರಿಯಿರಲಿಲ್ಲ.

1898ರ ಆಗಸ್ಟ್‌ನಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲಿನೊಡನೆ ಪ್ಲೇಗ್ ಬೆಂಗಳೂರಿಗೆ ಬಂತು. ತರಗುಪೇಟೆ, ಅಕ್ಕಿಪೇಟೆಗಳೆಂಬ ಹೆಸರುಗಳೇ ಸಾರುವಂತೆ ಹಳೆಯ ಪೇಟೆಯಲ್ಲಿ ಅಂಗಡಿ, ಉಗ್ರಾಣ, ಮನೆಗಳು ಗೋಡೆಗೆ ಗೋಡೆ ತಾಗಿಸಿ ನಿಂತಿದ್ದವು. ಬಸವನಗುಡಿ, ಮಲ್ಲೇಶ್ವರಗಳು ವಿಶಾಲ ಬೀದಿಗಳ ಬಡಾವಣೆಗಳಾಗಿ ಬೆಳೆದುದರ ಹಿಂದೆ ಈ ಅನುಭವವಿದೆ. ಹಳ್ಳಿಗಳಲ್ಲಿ ಜನ ಕಂಡುಕೊಂಡ ಉಪಾಯ ಮನೆ ತುಂಬಿಸುವುದಕ್ಕೆ ತೀರ ವಿರುದ್ಧವಾದುದು. “ಇಲಿ ಬಿತ್ತು” ಎಂಬ ಸುದ್ದಿ ಹಬ್ಬಿದೊಡನೆ ಊರು ಬಿಟ್ಟು, ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು, ಹೊತ್ತು ತಂದಷ್ಟರಲ್ಲೇ ದಿನ ಕಳೆಯುತ್ತಿದ್ದರು. ನಮ್ಮಲ್ಲಿ ಹಿರಿಯರಾದವರು ಅಜ್ಜಿಯರ ಬಾಯಲ್ಲಿ ಈ ಮಾತು ಕೇಳಿಯೇ ಇರುತ್ತೀರಿ. ಹಳೆಯ ಮೈಸೂರು ಸೀಮೆಯ ರೈತರಿಗೆ ಈ ವಿಷಯದಲ್ಲಿ ಒಂದು ಅನುಕೂಲವಿತ್ತು. ರಾಗಿಯನ್ನು ಅವರು ನೆಲದೊಳಗಿನ ಹಗೇವಿನಲ್ಲಿಡುತ್ತಿದ್ದರು. ಕಿರಿದಾದ ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಒಳಗಿನ ಆಮ್ಲಜನಕ ತೀರಿ ಹುಳುವೂ ಬದುಕದು. ಇಲಿಗಂತೂ ಪ್ರವೇಶವೇ ಇಲ್ಲ. ಅದೇ ಕಾರಣದಿಂದ, ಬಾಯಿ ತೆರೆದು ಗಾಳಿಯಾಡಲು ಬಿಡದೆ ಅವಸರದಿಂದ ಒಳಗಿಳಿದವರು ಉಸಿರುಕಟ್ಟಿ ಸತ್ತದ್ದೂ ಉಂಟು.

1918ರ ಇನ್‌ಫ್ಲುಯೆಂಜದ ಕಥೆ ಬೇರೆ ಬಗೆಯದು. ಅಮೆರಿಕದಲ್ಲಿ ಜನ ಔಷಧದಂಗಡಿಗಳಿಗೆ ಮುಗಿಬಿದ್ದರು. ನಮ್ಮೆಲ್ಲರ ತಾಯಂದಿರು ಎದೆಗೆ ಹಚ್ಚುತ್ತಿದ್ದ ವಿಕ್ಸ್ ಮುಲಾಮಿನ ವಾರ್ಷಿಕ ಮಾರಾಟ 9 ಲಕ್ಷ ಡಾಲರುಗಳಿಂದ 29 ಲಕ್ಷಕ್ಕೆ ಏರಿದ್ದು ಆಗಲೇ. ಭಾರತದಲ್ಲಿ ಅದೇ ವರ್ಷ ಮುಂಗಾರು ಕೈಕೊಟ್ಟಿತ್ತು. ವರ್ತಕರು ಧಾನ್ಯವನ್ನು ಬಚ್ಚಿಟ್ಟಿದ್ದಾರೆಂಬ ಕೋಪದಿಂದ ಮದರಾಸಿನಲ್ಲಿ ಸೆಪ್ಟೆಂಬರ್ ತಿಂಗಳಲ್ಲಿ ಅಂಗಡಿಗಳ ಲೂಟಿಯಾಯಿತು. ಹಸಿದ ಮೈಗೆ ಜ್ವರ ಬಂದಿತು. ಸತ್ತವರು ಒಂದು ಕೋಟಿಗೂ ಮೀರಿದರು.

2020ರ ನೆನಪು ತಮಗೆಲ್ಲ ಹಸಿಯಾಗಿಯೇ ಇದೆ. ಶೌಚದ ಕಾಗದಕ್ಕಾಗಿ ನಡೆದ ನೂಕುನುಗ್ಗಲನ್ನು ಕಂಡು, ಚೆಂಬಿನ ಸಂಸ್ಕೃತಿಯ ನಾವು ಒಳಗೊಳಗೇ ನಕ್ಕೆವು. ಆದರೆ ಅದು ಬರಿಯ ದುರಾಸೆಯಾಗಿರಲಿಲ್ಲ. ಕಚೇರಿ, ಶಾಲೆ, ಹೋಟೆಲುಗಳಿಗೆ ಹೋಗುವ ದೊಡ್ಡ ಸುರುಳಿಗಳನ್ನು ಮಾಡುವ ಯಂತ್ರಗಳೂ ಸಾಗಣೆಯೂ ಬೇರೆ. ಮನೆಗೆ ಬರುವ ಸುರುಳಿಗಳದು ಬೇರೆ. ಒಂದೇ ವಾರದಲ್ಲಿ ಇಡೀ ದೇಶ ಮನೆಯಲ್ಲಿ ಕುಳಿತಾಗ ಮನೆಬಳಕೆ ಸುಮಾರು ನೂರಕ್ಕೆ 40ರಷ್ಟು ಹೆಚ್ಚಬಹುದೆಂದು ಒಂದು ದೊಡ್ಡ ತಯಾರಕ ಸಂಸ್ಥೆ ಅಂದಾಜು ಮಾಡಿತು. ನಾವೇನು ಕಡಿಮೆಯೇ? ನಮ್ಮ ಭಾರತೀಯ ಅಂಗಡಿಗಳಲ್ಲಿ ತೊಗರಿಬೇಳೆಯೂ ಸೋನಾಮಸೂರಿಯೂ ಕಾಣೆಯಾದವು. 2023ರ ಜುಲೈನಲ್ಲಿ ಭಾರತ ಸರ್ಕಾರ ಬಾಸುಮತಿಯೇತರ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿದಾಗ, ರೋಗವಿಲ್ಲದೆಯೂ ಅದೇ ದೃಶ್ಯ ಕಂಡೆವು.

ಕಪಾಟು ಮತ್ತೆ ತುಂಬುವುದಕ್ಕೆ ಅಬ್ರಹಾಂನಂಥವರು ಬೇಕಾಗಿದ್ದರು. 2020ರ ಏಪ್ರಿಲ್‌ನಲ್ಲಿ ದಕ್ಷಿಣ ಡಕೋಟಾದ ಸೂ ಫಾಲ್ಸ್ ಪಟ್ಟಣದ ಮಾಂಸ ಸಂಸ್ಕರಣ ಕಾರ್ಖಾನೆಯೊಂದರಲ್ಲೇ ನೂರಾರು ಕಾರ್ಮಿಕರಿಗೆ ಸೋಂಕು ತಗಲಿತು. ಅವರಲ್ಲಿ ಅನೇಕರು ನಮ್ಮಂತೆಯೇ ಪರದೇಶದಿಂದ ಬಂದವರು. ಭುಜಕ್ಕೆ ಭುಜ ತಾಗಿಸಿ ನಿಲ್ಲುವ ಆ ಕೆಲಸವನ್ನು ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಮಾಡಲಾಗದು.

ನನ್ನ ವೃತ್ತಿಯವರ ವಿಷಯವನ್ನು ಮುಚ್ಚಿಡುವುದು ಸರಿಯಲ್ಲ. ಮುಖವಾಡಗಳನ್ನು ಜನ ಕೊಂಡು ಮುಗಿಸಿದರೆ ಆಸ್ಪತ್ರೆಗಳಿಗೆ ಉಳಿಯದೆಂದು ಸರ್ಜನ್ ಜನರಲ್ ಫೆಬ್ರವರಿ 29ರಂದೇ ಕೇಳಿಕೊಂಡಿದ್ದರು. ಮುಂದಿನ ವಾರಗಳಲ್ಲಿ ಒಂದೇ ಎನ್-95 ಅನ್ನು ಕಾಗದದ ಚೀಲದಲ್ಲಿಟ್ಟು ದಿನಗಟ್ಟಲೆ ಬಳಸಿದ ದಾದಿಯರನ್ನು ನಾನು ಬಲ್ಲೆ. ಇದು ಜನರ ತಪ್ಪೆನ್ನೋಣ. ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯದು? ಕೊರೊನಾಕ್ಕೆ ಅದು ಮದ್ದಾದೀತೆಂಬ ಸುದ್ದಿ ಹಬ್ಬಿದೊಡನೆ ಕೆಲವು ವೈದ್ಯರು ತಮಗೂ ತಮ್ಮ ಮನೆಯವರಿಗೂ ತಾವೇ ಚೀಟಿ ಬರೆದುಕೊಂಡರು. ಅದನ್ನು ತಡೆಯಲು ಒಹಾಯೊ ಮೊದಲಾದ ರಾಜ್ಯಗಳ ಔಷಧ ಮಂಡಳಿಗಳು ಮಾರ್ಚ್ ತಿಂಗಳಲ್ಲೇ ನಿಯಮ ಮಾಡಬೇಕಾಯಿತು. ಮಾರ್ಚ್ ಮುಗಿಯುವ ಹೊತ್ತಿಗೆ ಆ ಮಾತ್ರೆ ಸರ್ಕಾರದ ಅಭಾವಪಟ್ಟಿಗೆ ಸೇರಿತ್ತು. ಲೂಪಸ್ ರೋಗಿಗೆ ಅದು ಅಟ್ಟದ ಮೇಲಿಡುವ ಸಾಮಾನಲ್ಲ. ನಿತ್ಯವೂ ನುಂಗಬೇಕಾದದ್ದು, ತಪ್ಪಿದರೆ ಕೀಲು, ಚರ್ಮ, ಮೂತ್ರಪಿಂಡಗಳಲ್ಲಿ ರೋಗ ಕೆರಳುವುದು. ಜೂನ್ 15ರಂದು ಆಹಾರ ಮತ್ತು ಔಷಧ ಆಡಳಿತವು ಕೊರೊನಾ ಚಿಕಿತ್ಸೆಗೆ ಕೊಟ್ಟಿದ್ದ ತುರ್ತು ಅನುಮತಿಯನ್ನು ಹಿಂತೆಗೆದುಕೊಂಡಿತು. ಅದಕ್ಕೆ ಮುಂಚಿನ ಮೂರು ತಿಂಗಳು ಲೂಪಸ್ ರೋಗಿಗಳು ಅಂಗಡಿಯಿಂದ ಅಂಗಡಿಗೆ ದೂರವಾಣಿ ಮಾಡುತ್ತ, ಇದ್ದ ಮಾತ್ರೆಗಳನ್ನು ದಿನ ಬಿಟ್ಟು ದಿನ ನುಂಗುತ್ತಿದ್ದಾಗ, ತೆರೆಯದ ಸೀಸೆಗಳು ಬೇರೆಯವರ ಕಪಾಟಿನಲ್ಲಿದ್ದವು.